ಕರಾವಳಿಯ ಶಾಲಾ ಜೀವಶಾಸ್ತ್ರ ಪ್ರಯೋಗಾಲಯ: ಸುರಕ್ಷತೆಯ ವಿಚಾರ ಎಲ್ಲಿಂದ ಆರಂಭವಾಗಬೇಕು?

ಪ್ರಯೋಗಾಲಯದ ಸುರಕ್ಷತೆ ಎಂದರೆ ವಿದ್ಯಾರ್ಥಿಯ ಶಿಸ್ತು ಎಂಬ ತಿಳಿವಳಿಕೆ ನಮ್ಮ ಶಾಲೆಗಳಲ್ಲಿ ಬಲವಾಗಿ ಬೇರೂರಿದೆ. ಗೋಡೆಯ ಮೇಲಿನ ಫಲಕಗಳೂ ಪ್ರಾಯೋಗಿಕ ಪುಸ್ತಕಗಳ ಮೊದಲ ಪುಟಗಳೂ ಹೇಳುವುದು ಅದನ್ನೇ: ಒಳಗೆ ತಿನ್ನಬೇಡಿ, ಓಡಾಡಬೇಡಿ, ಕೂದಲು ಕಟ್ಟಿಕೊಳ್ಳಿ, ಕೇಳದೆ ಏನನ್ನೂ ಮುಟ್ಟಬೇಡಿ. ಈ ಮಾತುಗಳಲ್ಲಿ ತಪ್ಪೇನಿಲ್ಲ. ಆದರೆ ಜೀವಶಾಸ್ತ್ರದ ಕೊಠಡಿಯಲ್ಲಿರುವ ಅಪಾಯಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ, ಅವುಗಳಲ್ಲಿ ಹೆಚ್ಚಿನವು ಮಕ್ಕಳು ಒಳಗೆ ಕಾಲಿಡುವ ಮೊದಲೇ ನಿರ್ಧಾರವಾಗಿರುತ್ತವೆ. ಯಾವ ದ್ರಾವಣವನ್ನು ತರಿಸಲಾಗಿದೆ, ಯಾವ ಕಪಾಟಿನಲ್ಲಿ ಯಾವುದರ ಪಕ್ಕ ಇಡಲಾಗಿದೆ, ಯಾವ ಪ್ರಯೋಗಕ್ಕೆ ಯಾವ ತಿಂಗಳನ್ನು ಗೊತ್ತುಮಾಡಲಾಗಿದೆ ಎಂಬವು ವಿದ್ಯಾರ್ಥಿಯ ಕೈಯಲ್ಲಿಲ್ಲದ ಸಂಗತಿಗಳು. ಉಡುಪಿ, ಮಣಿಪಾಲದಿಂದ ಕಟಪಾಡಿ, ಕಾಪು, ಕಾರ್ಕಳದವರೆಗಿನ ಭೂಭಾಗವನ್ನು ಮುಂದಿಟ್ಟುಕೊಂಡು, ಶಾಲಾ ಜೀವಶಾಸ್ತ್ರದ ಸುರಕ್ಷತೆ ಮೂಲತಃ ಸಾಮಗ್ರಿ ಮತ್ತು ಋತುವಿನ ಆಯ್ಕೆಯ ಪ್ರಶ್ನೆ, ನಡವಳಿಕೆಯ ನಿಯಮಗಳು ಅದರ ನಂತರ ಬರುವಂಥವು ಎಂದು ಈ ಲೇಖನ ವಾದಿಸುತ್ತದೆ.

ಔದ್ಯೋಗಿಕ ಆರೋಗ್ಯಶಾಸ್ತ್ರದಲ್ಲಿ ಈ ವಾದಕ್ಕೆ ಗಟ್ಟಿಯಾದ ಆಧಾರವಿದೆ. ಅಪಾಯದ ವಸ್ತುವನ್ನೇ ತೆಗೆದುಹಾಕುವುದು ಅಲ್ಲಿ ಮೊದಲ ಹೆಜ್ಜೆ. ಅದಾಗದಿದ್ದರೆ ಬದಲಿ ವಸ್ತು, ಅನಂತರ ಗಾಳಿ ಬೆಳಕಿನ ವ್ಯವಸ್ಥೆ, ಆಮೇಲೆ ನಿಯಮಗಳು, ಕಟ್ಟಕಡೆಗೆ ಕೈಗವಸು, ಕನ್ನಡಕ. ನಮ್ಮ ಶಾಲೆಗಳು ಈ ಏಣಿಯನ್ನು ಕೆಳಗಿನ ಮೆಟ್ಟಿಲಿನಿಂದ ಹತ್ತಲು ಹೊರಟಿವೆ. ಮೇಲಿನ ಮೆಟ್ಟಿಲಿನ ಪರಿಣಾಮ ಎಷ್ಟೆಂದು ತಿಳಿಯಲು ಪ್ರಾಣಿ ವಿಚ್ಛೇದನದ ಇತಿಹಾಸವನ್ನು ನೋಡಿದರೆ ಸಾಕು. ಕಪ್ಪೆ, ಎರೆಹುಳು, ಜಿರಲೆಗಳನ್ನು ಕೊಯ್ಯುವುದು ಒಂದು ಕಾಲದಲ್ಲಿ ಜೀವಶಾಸ್ತ್ರ ಕಲಿಕೆಯ ಅನಿವಾರ್ಯ ಭಾಗವಾಗಿತ್ತು. ವಿಶ್ವವಿದ್ಯಾಲಯ ಅನುದಾನ ಆಯೋಗ 2011ರಲ್ಲಿ ಅದನ್ನು ಹಂತಹಂತವಾಗಿ ಕೈಬಿಡುವ ಮಾರ್ಗಸೂಚಿಯನ್ನು ಹೊರಡಿಸಿತು, 2014ರಲ್ಲಿ ಪದವಿ ಮತ್ತು ಸ್ನಾತಕೋತ್ತರ ತರಗತಿಗಳಲ್ಲೂ ನಿಲ್ಲಿಸಲು ಹೇಳಿತು. ಶಾಲೆಗಳು ಅದಕ್ಕೂ ಮೊದಲೇ ಅದರಿಂದ ದೂರ ಸರಿದಿದ್ದವು. ಉದ್ದೇಶ ಪ್ರಾಣಿದಯೆಯೇ ಹೊರತು ಮಕ್ಕಳ ಸುರಕ್ಷತೆಯಲ್ಲ. ಆದರೂ ಅದರೊಂದಿಗೆ ಹರಿತವಾದ ಸ್ಕಾಲ್ಪೆಲ್, ಕಪ್ಪೆಯ ಪ್ರಜ್ಞೆ ತಪ್ಪಿಸುವ ಕ್ಲೋರೋಫಾರ್ಮ್ ಮಕ್ಕಳ ಮೇಜಿನಿಂದ ಹೊರಟುಹೋದವು. ಎಷ್ಟು ಫಲಕಗಳನ್ನು ತೂಗುಹಾಕಿದ್ದರೂ ಇದು ಆಗುತ್ತಿರಲಿಲ್ಲ.

ಆದರೆ ವಿಚ್ಛೇದನ ಹೋದರೂ ಫಾರ್ಮಲಿನ್ ಹೋಗಲಿಲ್ಲ. ಗಾಜಿನ ಜಾಡಿಗಳಲ್ಲಿ ಮುಳುಗಿರುವ ಹಾವು, ಓತಿಕ್ಯಾತ, ನಕ್ಷತ್ರಮೀನುಗಳು ಇಂದಿಗೂ ಶಾಲಾ ಪ್ರಯೋಗಾಲಯದ ಗುರುತಾಗಿ ಉಳಿದಿವೆ. ಫಾರ್ಮಲಿನ್ ಎಂದರೆ ನೀರಿನಲ್ಲಿ ಶೇಕಡಾ 37ರಿಂದ 40ರಷ್ಟು ಕರಗಿಸಿದ ಫಾರ್ಮಾಲ್ಡಿಹೈಡ್. ಅದನ್ನು ಹತ್ತು ಪಟ್ಟು ತೆಳುಗೊಳಿಸಿ ಜಾಡಿಗೆ ಸುರಿಯುತ್ತಾರೆ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಫಾರ್ಮಾಲ್ಡಿಹೈಡನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾಗಿರುವ ಮೊದಲ ಗುಂಪಿಗೆ ಸೇರಿಸಿತು. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಕೊಠಡಿಯ ಗಾಳಿಗೆ ಗೊತ್ತುಪಡಿಸಿದ ಮಿತಿ, ಅರ್ಧ ಗಂಟೆಯ ಸರಾಸರಿಯಲ್ಲಿ, ಒಂದು ಘನ ಮೀಟರಿಗೆ 0.1 ಮಿಲಿಗ್ರಾಂ. ಹತ್ತು ಮೀಟರ್ ಉದ್ದ, ಏಳು ಮೀಟರ್ ಅಗಲ, ಮೂರೂವರೆ ಮೀಟರ್ ಎತ್ತರದ ಪ್ರಯೋಗಾಲಯವೊಂದನ್ನು ಊಹಿಸಿಕೊಳ್ಳೋಣ. ಅದರಲ್ಲಿ 245 ಘನ ಮೀಟರ್ ಗಾಳಿಯಿದೆ. ಮಿತಿ ತಲುಪಲು ಇಡೀ ಕೊಠಡಿಗೆ 24.5 ಮಿಲಿಗ್ರಾಂ ಸಾಕು. ಜಾಡಿಯ ತೆಳು ದ್ರಾವಣದ ಒಂದು ಮಿಲಿಲೀಟರಿನಲ್ಲಿ ಸುಮಾರು 40 ಮಿಲಿಗ್ರಾಂ ಇರುತ್ತದೆ. ಅಂದರೆ ಒಂದು ಮಿಲಿಲೀಟರಿನ ಮೂರರಲ್ಲಿ ಎರಡು ಪಾಲಿಗಿಂತಲೂ ಕಡಿಮೆ ದ್ರಾವಣ ಪೂರ್ತಿ ಆವಿಯಾದರೆ ಮುಚ್ಚಿದ ಕೊಠಡಿ ಮಿತಿಗೆ ಬಂದು ನಿಲ್ಲುತ್ತದೆ. ಇದು ಕಾಗದದ ಮೇಲಿನ ಲೆಕ್ಕ. ನಿಜದಲ್ಲಿ ಫಾರ್ಮಾಲ್ಡಿಹೈಡ್ ನೀರಿನೊಂದಿಗೆ ಬೆಸೆದುಕೊಂಡು ನಿಧಾನವಾಗಿ ಆವಿಯಾಗುತ್ತದೆ, ಒಂದಿಷ್ಟು ಭಾಗ ಘನರೂಪಕ್ಕೆ ತಿರುಗುತ್ತದೆ, ಗಾಳಿಯೂ ಅಷ್ಟಿಷ್ಟು ಬದಲಾಗುತ್ತಿರುತ್ತದೆ. ಆದರೆ ಲೆಕ್ಕ ತೋರಿಸುವುದು ಪ್ರಮಾಣದ ಅಳತೆಯನ್ನು: ಇಲ್ಲಿ ಮಾತು ಲೀಟರುಗಳದ್ದಲ್ಲ, ಹನಿಗಳದ್ದು. ಹಳೆಯ ಜಾಡಿಯ ಮುಚ್ಚಳದ ಸುತ್ತ ಹಿಟ್ಟಿನಂತೆ ಅಂಟಿಕೊಂಡಿರುವ ಬಿಳಿಯ ಪದರ ಆ ಘನರೂಪವೇ ಆಗಿರಬಹುದು. ಹಾಗಿದ್ದರೆ ಮುಚ್ಚಳ ಸೋರುತ್ತಿದೆ ಎಂಬುದಕ್ಕೆ ಬೇರೆ ಪುರಾವೆ ಬೇಡ. ವಾಸನೆ ಬಂದರೆ ಎಚ್ಚರಾಗುತ್ತೇವಲ್ಲ ಎಂಬ ಸಮಾಧಾನವೂ ನಿಲ್ಲದು. ಮೂಗು ಆ ವಾಸನೆಗೆ ಬೇಗ ಒಗ್ಗಿಕೊಳ್ಳುತ್ತದೆ. ದಿನವಿಡೀ ಅಲ್ಲೇ ಕೆಲಸ ಮಾಡುವ ಅಧ್ಯಾಪಕರಿಗೂ ಅಟೆಂಡರಿಗೂ ಅದು ತಿಳಿಯುವುದು ಎಲ್ಲರಿಗಿಂತ ಕಡಿಮೆ.

ಈ ಲೆಕ್ಕಕ್ಕೆ ಕರಾವಳಿಯ ಮಳೆಯನ್ನು ಸೇರಿಸಿದಾಗ ಚಿತ್ರ ಇನ್ನಷ್ಟು ಸ್ಪಷ್ಟವಾಗುತ್ತದೆ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಪ್ರಾಯೋಗಿಕ ತರಗತಿಗಳು ಶುರುವಾಗುವುದೂ ಆಗಲೇ. ಸುರಕ್ಷತಾ ಪುಸ್ತಕಗಳು ಕಿಟಕಿ ತೆರೆದಿಡಿ ಎನ್ನುತ್ತವೆ. ಆಟಿ ತಿಂಗಳ ಗಾಳಿಮಳೆಗೆ ಎರಚಲು ಒಳಗೆ ಬಂದು ಮೇಜು, ಸೂಕ್ಷ್ಮದರ್ಶಕ ಎಲ್ಲ ಒದ್ದೆಯಾಗುವಾಗ ಯಾವ ಅಧ್ಯಾಪಕರೂ ಕಿಟಕಿ ತೆರೆದಿಡಲಾರರು. ತೇವದ ಇನ್ನೊಂದು ಅಪಾಯ ಕಣ್ಣಿಗೆ ಕಾಣುವಂಥದ್ದಲ್ಲ. ದ್ಯುತಿಸಂಶ್ಲೇಷಣೆಗೆ ಇಂಗಾಲದ ಡೈಆಕ್ಸೈಡ್ ಬೇಕೆಂದು ತೋರಿಸುವ ಪ್ರಯೋಗದಲ್ಲಿ ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ಬಿಳಿ ಹರಳುಗಳನ್ನು ಬಳಸುತ್ತಾರೆ. ಅದು ಗಾಳಿಯ ತೇವವನ್ನು ಹೀರಿ ತಾನೇ ಕರಗುವ ವಸ್ತು. ಒಣ ಹವೆಯ ಊರಿನಲ್ಲಿ ಮೇಜಿನ ಮೇಲೆ ಬಿದ್ದ ಹರಳು ಒಂದಷ್ಟು ಹೊತ್ತು ಹರಳಾಗಿಯೇ ಕಾಣುತ್ತದೆ, ಯಾರಾದರೂ ಹೆಕ್ಕಿ ತೆಗೆಯಬಹುದು. ಕಟಪಾಡಿಯ ಜುಲೈ ತಿಂಗಳಲ್ಲಿ ಅದು ಬೇಗನೆ ಒದ್ದೆಯಾಗಿ, ಕ್ರಮೇಣ ತಿಳಿಯಾದ ಹನಿಯಾಗಿಬಿಡುತ್ತದೆ. ಮಳೆಗಾಲದ ಮೇಜಿನ ಮೇಲೆ ನೀರಿನ ಹನಿಯನ್ನು ಯಾರೂ ಅನುಮಾನಿಸುವುದಿಲ್ಲ. ಅದನ್ನು ಅಂಗೈಯಿಂದ ಒರೆಸಿ ಕಣ್ಣುಜ್ಜಿಕೊಂಡ ಹುಡುಗಿಯದು ಅಶಿಸ್ತು ಎನ್ನಲು ಬರುವುದಿಲ್ಲ. ಪ್ರಬಲ ಕ್ಷಾರ ಕಣ್ಣಿನ ಒಳಪದರಗಳಿಗೆ ಆಮ್ಲಕ್ಕಿಂತ ಆಳವಾಗಿ ಇಳಿಯುತ್ತದೆ ಎಂಬುದು ನೇತ್ರವೈದ್ಯಕ್ಕೆ ಗೊತ್ತಿರುವ ಸಂಗತಿ. ಈ ಒಂದು ಪ್ರಯೋಗವನ್ನು ಡಿಸೆಂಬರಿಗೆ ತಳ್ಳಿದರೆ ಪಾಠಕ್ಕೆ ಯಾವ ನಷ್ಟವೂ ಇಲ್ಲ.

ಕಪಾಟಿನ ವಿಚಾರವೂ ಇಂಥದ್ದೇ. ಈರುಳ್ಳಿ ಬೇರಿನ ತುದಿಯಲ್ಲಿ ಕೋಶವಿಭಜನೆ ನೋಡಲು ಹೈಡ್ರೋಕ್ಲೋರಿಕ್ ಆಮ್ಲ ಬೇಕು. ಆ ಆಮ್ಲದ ಮೂಲ ಬಾಟಲಿಯೂ ಫಾರ್ಮಲಿನ್ ಕ್ಯಾನೂ ಒಂದೇ ಮರದ ಕಪಾಟಿನಲ್ಲಿ ಇರಕೂಡದು, ಏಕೆಂದರೆ ಇವೆರಡರ ಸಾಂದ್ರ ಆವಿಗಳು ಸೇರಿ ಫಾರ್ಮಾಲ್ಡಿಹೈಡಿಗಿಂತಲೂ ಕ್ರೂರವಾದ ಕ್ಯಾನ್ಸರ್‌ಕಾರಕವೊಂದು ಹುಟ್ಟಬಲ್ಲದು. ಎಲೆಯ ಪಿಷ್ಟ ಪರೀಕ್ಷೆಯಲ್ಲಿ ಆಲ್ಕೊಹಾಲನ್ನು ನೇರವಾಗಿ ಉರಿಯ ಮೇಲಿಡದೆ ಬಿಸಿನೀರಿನ ಬೀಕರಿನೊಳಗಿಟ್ಟು ಕಾಯಿಸಬೇಕೆಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ಫ್ಲಾಸ್ಕಿನಲ್ಲಿ ತಂದ ಬಿಸಿನೀರನ್ನೇ ಬಳಸಿ ಉರಿಯನ್ನೇ ಕೈಬಿಡಬಹುದೆಂದು ಹೇಳುವವರು ಕಡಿಮೆ. ಹಗಲಿನಲ್ಲಿ ಸ್ಪಿರಿಟ್ ದೀಪದ ಜ್ವಾಲೆ ಕಣ್ಣಿಗೆ ಸರಿಯಾಗಿ ಕಾಣದು ಎಂಬುದನ್ನು ನೆನೆದರೆ ಈ ಬದಲಾವಣೆಯ ಬೆಲೆ ತಿಳಿದೀತು.

ಇದಕ್ಕೆ ಬರಬಹುದಾದ ಅತ್ಯಂತ ಗಂಭೀರ ಆಕ್ಷೇಪ ಶೈಕ್ಷಣಿಕವಾದದ್ದು. ಜೀವಿಯನ್ನು ಕಣ್ಣಾರೆ ನೋಡದೆ ಜೀವಶಾಸ್ತ್ರ ಕಲಿಯುವುದು ಹೇಗೆ, ಪ್ಲಾಸ್ಟಿಕ್ ಪ್ರತಿಕೃತಿಯೂ ಪರದೆಯ ಮೇಲಿನ ಚಿತ್ರವೂ ಜಾಡಿಗೆ ಸಮವೇ ಎಂದು ಕೇಳುವವರ ಕಾಳಜಿ ನ್ಯಾಯವಾದದ್ದು. ಆದರೆ ಫಾರ್ಮಲಿನ್‌ನಲ್ಲಿ ವರ್ಷಗಟ್ಟಲೆ ಬಿದ್ದ ಪ್ರಾಣಿ ಬಣ್ಣ ಕಳೆದುಕೊಂಡು, ಬಿರುಸಾಗಿ, ಜೀವಂತ ರೂಪದಿಂದ ಬಹುದೂರ ಸರಿದಿರುತ್ತದೆ. ಕರಾವಳಿಯ ಶಾಲೆಗೆ ಅದಕ್ಕಿಂತ ಒಳ್ಳೆಯ ದಾರಿ ಮನೆ ಬಾಗಿಲಲ್ಲೇ ಇದೆ. ಮಲ್ಪೆ ಬಂದರಿನಿಂದ ಬೆಳಗ್ಗೆ ಕಟಪಾಡಿ, ಕಾಪುವಿನ ಮಾರುಕಟ್ಟೆಗೆ ಬರುವ ಬಂಗುಡೆಯ ಕಿವಿರಿನ ಮುಚ್ಚಳವನ್ನು ಎತ್ತಿದರೆ ಕೆಂಪು ಕಿವಿರುಗಳ ಸಾಲು ಬಾಚಣಿಗೆಯಂತೆ ಬಿಚ್ಚಿಕೊಳ್ಳುತ್ತದೆ. ಸಿಗಡಿಯಲ್ಲಿ ಕಾಲುಗಳ ಜೋಡಿಗಳನ್ನು ಎಣಿಸಬಹುದು, ಮರುವಾಯಿಯಲ್ಲಿ ಮೃದ್ವಂಗಿಯ ಪಾದವನ್ನು ನೋಡಬಹುದು, ಏಡಿಯಲ್ಲಿ ಗಂಡು ಹೆಣ್ಣಿನ ಗುರುತು ಹಿಡಿಯಬಹುದು. ಯಾವ ಜಾಡಿಯೂ ಇದನ್ನು ಕೊಡಲಾರದು. ಯಾಂತ್ರೀಕೃತ ಮೀನುಗಾರಿಕೆಗೆ ಜೂನ್, ಜುಲೈ ತಿಂಗಳಲ್ಲಿ ನಿಷೇಧವಿರುವುದರಿಂದ ಈ ಪಾಠಗಳನ್ನು ಆಗಸ್ಟ್ ನಂತರ ಇಟ್ಟುಕೊಳ್ಳಬೇಕಾಗುತ್ತದೆ ಅಷ್ಟೆ. ಸಂರಕ್ಷಿತ ಅಂಗಾಂಗಗಳನ್ನು ನೋಡಲೇಬೇಕೆಂದರೆ ಮಣಿಪಾಲದ ಅಂಗರಚನಾ ಮತ್ತು ರೋಗಶಾಸ್ತ್ರ ವಸ್ತುಸಂಗ್ರಹಾಲಯವಿದೆ. ವೈದ್ಯಕೀಯ ಕಾಲೇಜಿನ ಆಶ್ರಯದಲ್ಲಿ ಅಲ್ಲಿ ಸಾವಿರಾರು ಸ್ಪೆಸಿಮೆನ್‌ಗಳು ಸಾರ್ವಜನಿಕರ ವೀಕ್ಷಣೆಗಿವೆ. ಕಾರ್ಕಳದ ಮಕ್ಕಳಿಗೂ ಅದು ಒಂದು ದಿನದಲ್ಲಿ ಹೋಗಿಬರುವ ದೂರ. ಪ್ರತಿ ಶಾಲೆಯೂ ತನ್ನದೇ ಒಂದು ಸಣ್ಣ ಸಂಗ್ರಹಾಲಯ ಕಟ್ಟಬೇಕಾದ ಅಗತ್ಯ ಇಲ್ಲಿಲ್ಲ.

ಹಾಗೆಂದು ತೆಗೆದುಹಾಕುವುದೇ ಎಲ್ಲದಕ್ಕೂ ಉತ್ತರವೆಂದು ವಾದಿಸುತ್ತಿಲ್ಲ. 1980ರ ದಶಕದಲ್ಲಿ ಏಡ್ಸ್ ಭೀತಿಯ ನಡುವೆ ಬ್ರಿಟನ್ನಿನ ಹಲವು ಸ್ಥಳೀಯ ಶಿಕ್ಷಣ ಆಡಳಿತಗಳು ಕೆನ್ನೆಯ ಒಳಪದರದ ಕೋಶಗಳನ್ನು ಸ್ಲೈಡಿಗೆ ಹಾಕುವ ಪ್ರಯೋಗವನ್ನೂ ನಿಷೇಧಿಸಿದವು. ಹೊಸ ಹತ್ತಿಕಡ್ಡಿ ಬಳಸಿ, ಕೂಡಲೇ ಅದನ್ನು ಸೋಂಕುನಿವಾರಕದಲ್ಲಿ ಮುಳುಗಿಸುವ ಕ್ರಮದೊಂದಿಗೆ ಅದು ಮುಂದೆ ತರಗತಿಗೆ ಮರಳಿತು. ತನ್ನದೇ ಕೋಶದ ಕೋಶಕೇಂದ್ರವನ್ನು ಮೊದಲ ಬಾರಿಗೆ ಕಾಣುವ ಅನುಭವವನ್ನು ಮಗುವಿನಿಂದ ಕಸಿಯುವುದು ನಷ್ಟವೇ ಸರಿ. ಆದರೆ ಚುಚ್ಚುಸೂಜಿಯಿಂದ ರಕ್ತ ತೆಗೆದು ಗುಂಪು ಪತ್ತೆ ಮಾಡುವುದು ಬೇರೆ ವಿಚಾರ: ಹೆಪಟೈಟಿಸ್ ಬಿ, ಎಚ್‌ಐವಿ ಸೋಂಕುಗಳು ಸೂಜಿಯ ಮೂಲಕ ಹರಡುತ್ತವೆ, ಅದನ್ನು ಆರೋಗ್ಯ ಕೇಂದ್ರಕ್ಕೆ ಬಿಡುವುದು ಮೇಲು. ಮೂತ್ರದಲ್ಲಿ ಸಕ್ಕರೆ, ಆಲ್ಬುಮಿನ್ ಪರೀಕ್ಷೆಗೆ ಗ್ಲೂಕೋಸ್ ಮತ್ತು ಮೊಟ್ಟೆಯ ಬಿಳಿಭಾಗ ಬೆರೆಸಿದ ನೀರು ಸಾಕು. ಕೊಠಡಿಯ ಹೊರಗೂ ಇದೇ ವಿವೇಚನೆ ಬೇಕು. ಕೆರೆನೀರು, ಗದ್ದೆಮಣ್ಣಿನ ಅಧ್ಯಯನಕ್ಕೆ ಮಕ್ಕಳನ್ನು ಕಳಿಸುವ ಮಳೆಗಾಲವೇ ಈ ಜಿಲ್ಲೆಯಲ್ಲಿ ಇಲಿಜ್ವರದ ಕಾಲವೂ ಹೌದು. ಅದರ ರೋಗಾಣು ಚರ್ಮದ ಸಣ್ಣ ಗಾಯದ ಮೂಲಕ ಒಳಹೊಗುತ್ತದೆ. ಬರಿಗಾಲಲ್ಲಿ ಗದ್ದೆಗಿಳಿಯುವ ಬದಲು ಅಂಚಿನಲ್ಲಿ ನಿಂತು ಕೋಲಿಗೆ ಕಟ್ಟಿದ ಬಾಟಲಿಯಿಂದ ನೀರು ಮೊಗೆದರೆ ಕಲಿಕೆಗೆ ಕೊರತೆಯಾಗದು.

ಇಷ್ಟು ವರ್ಷಗಳಿಂದ ಏನೂ ಆಗಿಲ್ಲವಲ್ಲ ಎಂಬುದು ಇನ್ನೊಂದು ಆಕ್ಷೇಪ. ಬೆಂಕಿ ಹತ್ತಿದರೆ, ಗಾಜು ಒಡೆದರೆ ಅಪಘಾತವೆಂದು ಕಾಣುತ್ತದೆ. ಉಸಿರಿನಲ್ಲಿ ಸೇರಿದ ಆವಿ ದಶಕಗಳ ನಂತರ ಏನು ಮಾಡಿತೆಂದು ಯಾವ ಶಾಲೆಯ ದಾಖಲೆಯೂ ಹೇಳಲಾರದು. ದಾಖಲೆ ಇಲ್ಲದಿರುವುದು ಅಪಾಯವಿಲ್ಲ ಎಂಬುದಕ್ಕೆ ಸಾಕ್ಷಿಯಾಗದು. ಹಣದ ಕೊರತೆಯ ಮಾತಂತೂ ಈ ವಾದದ ಪರವಾಗಿಯೇ ಇದೆ: ಆವಿ ಹೀರುವ ಯಂತ್ರಕ್ಕೆ ಖರ್ಚಿದೆ, ಫಾರ್ಮಲಿನ್ ತರಿಸದಿರುವುದಕ್ಕೆ ಖರ್ಚಿಲ್ಲ. 2004ರ ಕುಂಭಕೋಣಂ ಶಾಲಾ ಅಗ್ನಿದುರಂತದ ಹಿನ್ನೆಲೆಯಲ್ಲಿ ಬಂದ ಅವಿನಾಶ್ ಮೆಹ್ರೋತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2009ರಲ್ಲಿ, ಸುರಕ್ಷಿತ ಶಾಲೆ ಶಿಕ್ಷಣದ ಹಕ್ಕಿನ ಭಾಗವೆಂದು ಹೇಳಿತು. ಹೊಣೆ ಸಂಸ್ಥೆಯದು, ಮಗುವಿನದಲ್ಲ ಎಂಬುದು ಅದರಿಂದ ತಾನಾಗಿ ಹೊರಡುವ ಅರ್ಥ. ನಿಜವಾದ ಅಡ್ಡಿ ಪರೀಕ್ಷೆ. ದ್ವಿತೀಯ ಪಿಯುಸಿ ಜೀವಶಾಸ್ತ್ರದ 100 ಅಂಕಗಳಲ್ಲಿ 30 ಪ್ರಾಯೋಗಿಕಕ್ಕೆ ಮೀಸಲು, ಅದರಲ್ಲಿ ವಸ್ತುಗಳನ್ನು ಗುರುತಿಸುವ ಭಾಗವೂ ಇದೆ. ಎನ್‌ಸಿಇಆರ್‌ಟಿ ಪಠ್ಯಕ್ರಮ ಸ್ಪೆಸಿಮೆನ್ ಜೊತೆಗೆ ಸ್ಲೈಡ್, ಪ್ರತಿಕೃತಿಗಳನ್ನೂ ಒಪ್ಪುತ್ತದೆ. ಪರೀಕ್ಷಾ ಮಂಡಳಿ ಅದನ್ನು ಒತ್ತಿ ಹೇಳಿದರೆ ಅಧ್ಯಾಪಕರು ಧೈರ್ಯವಾಗಿ ಜಾಡಿಗಳನ್ನು ಬದಿಗಿಡಬಹುದು.

ಬದಿಗಿಟ್ಟ ಜಾಡಿಗಳನ್ನು ಏನು ಮಾಡುವುದು ಎಂಬುದು ಕೊನೆಯ ಪ್ರಶ್ನೆ, ಬಹುಶಃ ಅತಿ ಕಷ್ಟದ್ದೂ ಅದೇ. ತೊಟ್ಟಿಗೆ ಸುರಿದು ನೀರು ಬಿಡುವುದು ಸುಲಭ. ಆದರೆ ಈ ಭಾಗದ ಮುರಕಲ್ಲು ನೆಲ ನೀರನ್ನು ಬೇಗ ಇಂಗಿಸಿಕೊಳ್ಳುತ್ತದೆ, ಶಾಲೆಯ ಅಂಗಳದಲ್ಲೋ ಪಕ್ಕದ ಮನೆಯಲ್ಲೋ ತೆರೆದ ಬಾವಿ ಇರುತ್ತದೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು ಶೈಕ್ಷಣಿಕ ಸಂಸ್ಥೆಗಳನ್ನೂ ಒಳಗೊಂಡಿವೆ, ಬಳಸಿ ಬಿಟ್ಟ ಫಾರ್ಮಲಿನನ್ನು ಹಳದಿ ವರ್ಗದ ರಾಸಾಯನಿಕ ದ್ರವತ್ಯಾಜ್ಯದಲ್ಲಿ ಹೆಸರಿಸಿವೆ. ಕೆಲವು ಹಳೆಯ ಜಾಡಿಗಳಲ್ಲಿ ಕಡಲ್ಗುದುರೆಯೋ ಸಮುದ್ರಸೌತೆಯೋ ಇದ್ದರೆ, 2001ರಿಂದ ಅವು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿರುವುದರಿಂದ ಅರಣ್ಯ ಇಲಾಖೆಗೂ ತಿಳಿಸಬೇಕಾಗುತ್ತದೆ. ಒಂದು ಪ್ರೌಢಶಾಲೆ ತಾನೊಂದೇ ಇದನ್ನೆಲ್ಲ ನಿಭಾಯಿಸುವುದು ಸಾಧ್ಯವಿಲ್ಲ. ಶಾಲಾ ಶಿಕ್ಷಣ ಮತ್ತು ಪದವಿಪೂರ್ವ ಶಿಕ್ಷಣದ ಜಿಲ್ಲಾ ಉಪನಿರ್ದೇಶಕರ ಕಚೇರಿಗಳು ಸೇರಿ ಮಳೆ ಶುರುವಾಗುವ ಮುನ್ನ, ಮೇ ತಿಂಗಳಲ್ಲಿ, ಎಲ್ಲ ಶಾಲೆಗಳ ಜಾಡಿಗಳ ಪಟ್ಟಿ ಮಾಡಿಸಿ, ಪರವಾನಗಿ ಪಡೆದ ತ್ಯಾಜ್ಯ ಸಂಸ್ಕರಣಾ ಘಟಕದ ವಾಹನವನ್ನು ತಾಲೂಕು ಕೇಂದ್ರಗಳಿಗೆ ಒಂದೇ ಸುತ್ತಿನಲ್ಲಿ ತರಿಸಿದರೆ ಕೆಲಸ ಮುಗಿಯುತ್ತದೆ. ಅಲ್ಲಿಯವರೆಗೆ ಜಾಡಿಗಳನ್ನು ಮಕ್ಕಳು ಕೂರದ, ಗಾಳಿಯಾಡುವ, ಬೀಗವಿರುವ ಪ್ರತ್ಯೇಕ ಕೋಣೆಯಲ್ಲಿಟ್ಟು, ಪ್ರತಿಯೊಂದರ ಮೇಲೂ ಒಳಗಿರುವ ದ್ರಾವಣದ ಹೆಸರು ಮತ್ತು ತುಂಬಿದ ವರ್ಷವನ್ನು ಬರೆದಂಟಿಸಬೇಕು.