ಸೀಸೆಯಲ್ಲಿ ಸೆರೆಯಾದ ಮಿಂಚು

ಬೇಸಗೆಯ ನಡುವಿನಲ್ಲಿ ಮನೆಯ ಏರ್‌ಕಂಡಿಷನರ್ ಇದ್ದಕ್ಕಿದ್ದಂತೆ ತಂಪು ಕೊಡುವುದನ್ನು ನಿಲ್ಲಿಸುತ್ತದೆ. ಒಳಗಿನ ಪೆಟ್ಟಿಗೆ ಗಾಳಿಯನ್ನೇನೋ ಬೀಸುತ್ತದೆ. ಹೊರಗಿನ ಪೆಟ್ಟಿಗೆ ಮಾತ್ರ ಗುಂಯ್ ಎಂದು ಗೊಣಗಿ, ಸ್ವಲ್ಪ ಹೊತ್ತಿನಲ್ಲಿ ಟಕ್ಕೆಂದು ಸುಮ್ಮನಾಗುತ್ತದೆ. ಕರೆಸಿದ ಮೆಕ್ಯಾನಿಕ್ಕು ಮುಚ್ಚಳ ತೆಗೆದು, ತಲೆ ಉಬ್ಬಿದ ಅಲ್ಯೂಮಿನಿಯಂ ಡಬ್ಬಿಯೊಂದನ್ನು ತೋರಿಸಿ, "ಕಂಡೆನ್ಸರ್ ಹೋಗಿದೆ ಸಾರ್" ಎನ್ನುತ್ತಾನೆ. ಕೆಲವು ನೂರು ರೂಪಾಯಿಯ ವಸ್ತು, ಹತ್ತು ನಿಮಿಷದ ಕೆಲಸ. ಇದನ್ನು ನಾವೇ ಏಕೆ ಮಾಡಿಕೊಳ್ಳಬಾರದು ಎಂಬ ಯೋಚನೆ ಗೃಹಸ್ಥನಿಗೆ ಬರುವುದು ಸಹಜ. ಅದಕ್ಕೆ ಉತ್ತರ ಹೇಳುವ ಮುನ್ನ ಆ ಡಬ್ಬಿಯ ವಂಶಾವಳಿಯನ್ನು ತಿಳಿಯುವುದು ಒಳ್ಳೆಯದು. ಏಕೆಂದರೆ ಅದರ ಮೂಲಪುರುಷನನ್ನು ಮೊದಮೊದಲು ಮುಟ್ಟಿದವರೆಲ್ಲ ಪೆಟ್ಟು ತಿಂದವರೇ.

ಹದಿನೆಂಟನೆಯ ಶತಮಾನದ ನಡುವಿನಲ್ಲಿ ಯೂರೋಪಿನ ಪಂಡಿತರು ವಿದ್ಯುತ್ತನ್ನು ಒಂದು ಬಗೆಯ ದ್ರವವೆಂದೇ ಭಾವಿಸಿದ್ದರು. ಗಾಜಿನ ಗೋಲವನ್ನು ತಿರುಗಿಸಿ ಉಜ್ಜಿದರೆ ಅದು ಹುಟ್ಟುತ್ತಿತ್ತು. ಆದರೆ ಕ್ಷಣದಲ್ಲಿ ಸೋರಿ ಹೋಗುತ್ತಿತ್ತು. ದ್ರವವಾದರೆ ಸೀಸೆಯಲ್ಲಿ ತುಂಬಿಡಬಹುದಲ್ಲವೆ? 1745ರ ಅಕ್ಟೋಬರಿನಲ್ಲಿ ಪೊಮೆರೇನಿಯದ ಕಾಮಿನ್ ಊರಿನ ಕ್ಲೈಸ್ಟ್ ಎಂಬ ಇಗರ್ಜಿಯ ಅಧಿಕಾರಿ, ಔಷಧದ ಸೀಸೆಯೊಳಗೆ ಮೊಳೆಯೊಂದನ್ನು ಇಳಿಬಿಟ್ಟು ಅದಕ್ಕೆ ವಿದ್ಯುತ್ತನ್ನು ಹಾಯಿಸಿದ. ಸೀಸೆಯನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಿಂದ ಮೊಳೆಯನ್ನು ಮುಟ್ಟಿದಾಗ ತೋಳೂ ಭುಜವೂ ಮರಗಟ್ಟಿಹೋದವು. ಆತ ಮಿತ್ರರಿಗೆ ಕಾಗದ ಬರೆದು ತಿಳಿಸಿದನಾದರೂ ಅವರಿಂದ ಪ್ರಯೋಗ ಸಾಧ್ಯವಾಗಲಿಲ್ಲ. ಸೀಸೆ ಕೈಯಲ್ಲೇ ಇರಬೇಕೆಂಬ ಗುಟ್ಟು ಅವನ ಕಾಗದದಲ್ಲಿ ಸ್ಪಷ್ಟವಾಗಿರಲಿಲ್ಲ.

ಕೆಲವೇ ತಿಂಗಳಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿಯೂ ಇದೇ ಸಂಗತಿ ನಡೆಯಿತು. ಅಲ್ಲಿನ ಪ್ರಾಧ್ಯಾಪಕ ಮುಸ್ಸೆನ್‌ಬ್ರೂಕನ ಪ್ರಯೋಗಶಾಲೆಗೆ ಬಂದುಹೋಗುತ್ತಿದ್ದ ಕ್ಯುನಿಯಸ್ ಎಂಬ ವಕೀಲ ಮೊದಲು ಪೆಟ್ಟು ತಿಂದ. ಬಳಿಕ ಪ್ರಾಧ್ಯಾಪಕನ ಸರದಿ. 1746ರ ಜನವರಿಯಲ್ಲಿ ಆತ ಪ್ಯಾರಿಸ್ಸಿನ ವಿಜ್ಞಾನಿ ರೆಯೋಮ್ಯೂರನಿಗೆ ಬರೆದು, ಇಡೀ ಫ್ರಾನ್ಸ್ ರಾಜ್ಯವನ್ನೇ ಕೊಟ್ಟರೂ ತಾನಿದನ್ನು ಮತ್ತೆ ಮಾಡಲಾರೆನೆಂದು ತಿಳಿಸಿದ. ಆದರೆ ಪ್ಯಾರಿಸ್ಸಿನ ಪಾದ್ರಿ ನೊಲೆ ಹೆದರುವವನಲ್ಲ. ಅದಕ್ಕೆ 'ಲೈಡನ್ ಸೀಸೆ' ಎಂದು ಹೆಸರಿಟ್ಟು, ಹದಿನೈದನೆಯ ಲೂಯಿಯ ಮುಂದೆ 180 ಸೈನಿಕರನ್ನು ಕೈಕೈ ಹಿಡಿಸಿ ನಿಲ್ಲಿಸಿ, ಎಲ್ಲರೂ ಒಟ್ಟಿಗೆ ನೆಗೆಯುವಂತೆ ಮಾಡಿದ. ಲಂಡನ್ನಿನಲ್ಲಿ ವಾಟ್ಸನ್ ಮತ್ತು ಬೆವಿಸ್ ಸೀಸೆಯ ಒಳಹೊರಗಿಗೆ ಲೋಹದ ತಗಡನ್ನು ಅಂಟಿಸಿದರು. ಎರಡು ಲೋಹದ ಹಾಳೆ, ನಡುವೆ ವಿದ್ಯುತ್ತು ದಾಟದ ಒಂದು ಪದರ: ಇಂದಿಗೂ ಆ ಡಬ್ಬಿಯ ರಚನೆ ಇಷ್ಟೇ.

ಅಮೆರಿಕದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಇಂಥ ಸೀಸೆಗಳ ಸಾಲನ್ನು ಫಿರಂಗಿಗಳ ಸಾಲಿಗೆ ಹೋಲಿಸಿ 'ಬ್ಯಾಟರಿ' ಎಂದು ಕರೆದ. ವಿದ್ಯುತ್ತಿನ ವಿಷಯವನ್ನು ಆಗ ಅವನಷ್ಟು ಬಲ್ಲವರು ವಿರಳ. ಆದರೂ 1750ರ ಡಿಸೆಂಬರಿನಲ್ಲಿ, ಎರಡು ದೊಡ್ಡ ಸೀಸೆಗಳ ಪೆಟ್ಟಿನಿಂದ ಟರ್ಕಿ ಕೋಳಿಯೊಂದನ್ನು ಕೊಲ್ಲಹೊರಟವನು, ಸುತ್ತ ನೆರೆದವರ ಮಾತಿನ ಗದ್ದಲದಲ್ಲಿ ಮೈಮರೆತು ಪೆಟ್ಟನ್ನು ತನ್ನ ಮೇಲೇ ಎಳೆದುಕೊಂಡ. ಒಂದು ಕ್ಷಣ ಎಚ್ಚರ ತಪ್ಪಿತು. ಎಚ್ಚರಿಕೆಗೆಂದು ಇದನ್ನು ಒಬ್ಬ ಮಿತ್ರನಿಗೆ ತಿಳಿಸು, ಆದರೆ ಊರಿಗೆಲ್ಲ ಸಾರಬೇಡ, ನನಗೆ ನಾಚಿಕೆಯಾಗುತ್ತದೆ ಎಂದು ಅವನು ಅಣ್ಣನಿಗೆ ಬರೆದ.

ಮೆಕ್ಯಾನಿಕ್ಕಿನ ಬಾಯಲ್ಲಿರುವ 'ಕಂಡೆನ್ಸರ್' ಎಂಬ ಮಾತು ಇಟಲಿಯ ವೋಲ್ಟನದು. ವಿದ್ಯುತ್ತನ್ನು ಸಾಂದ್ರವಾಗಿಸುವ ಉಪಕರಣವೆಂಬ ಅರ್ಥದಲ್ಲಿ 1782ರಲ್ಲಿ ಆತ ಈ ಹೆಸರನ್ನು ಬಳಸಿದ. ಗ್ರಂಥಗಳು ಈಗ ಕೆಪಾಸಿಟರ್ ಎನ್ನುತ್ತವೆ, ನಮ್ಮ ಪಠ್ಯಪುಸ್ತಕಗಳು ಧಾರಕ ಎನ್ನುತ್ತವೆ. ಅಂಗಡಿಬೀದಿ ಮಾತ್ರ ವೋಲ್ಟನನ್ನು ಬಿಟ್ಟಿಲ್ಲ. ಇಲ್ಲಿ ಒಂದು ತೊಡಕುಂಟು. ಏರ್‌ಕಂಡಿಷನರಿನಲ್ಲಿ ಅನಿಲವನ್ನು ದ್ರವವಾಗಿಸುವ ಕೊಳವೆಯ ಸುರುಳಿಯ ಹೆಸರೂ ಕಂಡೆನ್ಸರೇ. ಅದು ಸಾವಿರಾರು ರೂಪಾಯಿಯ ಮಾತು. ಆದ್ದರಿಂದ "ಕಂಡೆನ್ಸರ್ ಹೋಗಿದೆ" ಎಂದಾಗ ಯಾವುದು ಎಂದು ಕೇಳುವುದು ಲೇಸು. ಇದರ ಅಳತೆಯ ಮಾನಕ್ಕೆ ಫ್ಯಾರಡೆಯ ಹೆಸರು. ಒಂದು ಫ್ಯಾರಡ್ ತೀರ ದೊಡ್ಡದಾದ್ದರಿಂದ ಅದರ ಹತ್ತು ಲಕ್ಷದ ಒಂದಂಶವಾದ ಮೈಕ್ರೋಫ್ಯಾರಡ್ ಬಳಕೆಯಲ್ಲಿದೆ. ಚಾವಣಿಯ ಫ್ಯಾನಿಗೆ ಸಾಮಾನ್ಯವಾಗಿ 2.5 ಸಾಕು, ಏರ್‌ಕಂಡಿಷನರಿನ ಕಂಪ್ರೆಸರಿಗೆ 30ರಿಂದ 60ರವರೆಗೆ ಬೇಕಾಗಬಹುದು.

ಆದರೆ ತಂಪಿಗೂ ಲೈಡನ್ ಸೀಸೆಗೂ ಏನು ಸಂಬಂಧ? 1888ರಲ್ಲಿ ಪೇಟೆಂಟ್ ಪಡೆದ ಟೆಸ್ಲನ ಮೋಟಾರಿಗೆ, ಒಂದರ ಹಿಂದೊಂದು ಹೆಜ್ಜೆಯಿಡುವ ಎರಡು ಪ್ರವಾಹಗಳಾದರೂ ಬೇಕು. ಮನೆಗೆ ಬರುವುದು ಸಾಮಾನ್ಯವಾಗಿ ಒಂದೇ. ಬೀಸುವ ಕಲ್ಲಿನ ಗೂಟವನ್ನು ನೇರವಾಗಿ ಹಿಂದಕ್ಕೂ ಮುಂದಕ್ಕೂ ಎಳೆದಾಡಿದರೆ ಕಲ್ಲು ಅಲುಗುತ್ತದೆಯೇ ಹೊರತು ತಿರುಗುವುದಿಲ್ಲ. ಪಕ್ಕದಿಂದ ಒಂದು ಒತ್ತು ಬೇಕು. ಕೆಪಾಸಿಟರು ಎರಡನೆಯ ಸುರುಳಿಯ ಪ್ರವಾಹವನ್ನು ಮುಂದೆ ಸರಿಸಿ ಆ ಪಕ್ಕದ ಒತ್ತನ್ನು ಕೊಡುತ್ತದೆ. ಅದು ಸತ್ತರೆ ಮೋಟಾರು ಅಲುಗುತ್ತದೆ, ಗೊಣಗುತ್ತದೆ, ಬಿಸಿಯಾಗುತ್ತದೆ, ತಿರುಗುವುದಿಲ್ಲ.

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. ಅದೇ ವರ್ಷ ಅಮೆರಿಕದಲ್ಲಿ ಕ್ಯಾರಿಯರ್ ಎಂಬ ತರುಣ ಎಂಜಿನಿಯರು, ಬ್ರೂಕ್ಲಿನ್ನಿನ ಮುದ್ರಣಾಲಯದ ಕಾಗದ ತೇವಕ್ಕೆ ಹಿಗ್ಗದಿರಲೆಂದು ಗಾಳಿಯನ್ನು ಹದಗೊಳಿಸುವ ಏರ್ಪಾಡನ್ನು ರೂಪಿಸಿದ. ಆ ಯಂತ್ರದ ಸಂತತಿ ಮನೆಗಳನ್ನು ಸೇರುವ ಹೊತ್ತಿಗೆ ಸೀಸೆಯ ಗಾಜು ಹೋಗಿ ಎಣ್ಣೆಯಲ್ಲಿ ನೆನೆದ ಕಾಗದ ಬಂದಿತ್ತು. 1930ರ ದಶಕದಿಂದ ಹಲವು ಕೆಪಾಸಿಟರುಗಳಲ್ಲಿ ಬೆಂಕಿ ಹತ್ತದ ಪಿಸಿಬಿ ಎಂಬ ರಾಸಾಯನಿಕವನ್ನು ತುಂಬಿದರು. ಸುರಕ್ಷಿತವೆಂದುಕೊಂಡ ಈ ದ್ರವ್ಯ ಮಣ್ಣಿನಲ್ಲಿ, ನೀರಿನಲ್ಲಿ, ಪ್ರಾಣಿಗಳ ಕೊಬ್ಬಿನಲ್ಲಿ ನಾಶವಾಗದೆ ಉಳಿಯುವ ವಿಷವೆಂದು ತಿಳಿಯಿತು. ಅಮೆರಿಕ 1979ರಲ್ಲಿ ಅದನ್ನು ನಿಷೇಧಿಸಿತು; 2001ರ ಸ್ಟಾಕ್‌ಹೋಮ್ ಒಪ್ಪಂದ ಅದನ್ನು ಜಗತ್ತಿನಿಂದಲೇ ತೊಲಗಿಸಲು ಹೊರಟಿತು.

ಈಗಿನ ಡಬ್ಬಿಯಲ್ಲಿ ಇರುವುದು ಪಾಲಿಪ್ರೊಪಿಲೀನ್ ಹಾಳೆ, ಅದರ ಮೇಲೆ ಆವಿಯಾಗಿಸಿ ಹಾಯಿಸಿದ ಲೋಹದ ತೆಳುಲೇಪ. ಎಲ್ಲಾದರೂ ತೂತು ಬಿದ್ದರೆ ಸುತ್ತಲಿನ ಲೇಪ ಸುಟ್ಟುಹೋಗಿ ಗಾಯ ತಾನೇ ಮಾಯುತ್ತದೆ. ಆದರೆ ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಶಕ್ತಿ ಕುಂದುತ್ತದೆ. ಬಿಸಿಲಿನ ಝಳ, ಏರಿಳಿಯುವ ವೋಲ್ಟೇಜು ಈ ಸವಕಳಿಯನ್ನು ಹೆಚ್ಚಿಸುತ್ತವೆ. ಕಡುಬೇಸಗೆಯಲ್ಲೇ ಅದು ಕೈಕೊಡುವುದಕ್ಕೆ ಕಾರಣ ಇದು.

ಇನ್ನು ನಮ್ಮ ಪ್ರಶ್ನೆ. ಇನ್ವರ್ಟರ್ ಬಗೆಯ ಯಂತ್ರವಾದರೆ ಕೈಹಾಕಲೇಬಾರದು. ಅದರ ವ್ಯವಸ್ಥೆಯೇ ಬೇರೆ. ಹಳೆಯ ಬಗೆಯದಾದರೆ, ರಿಮೋಟಿನಿಂದಲ್ಲ, ಮೇನ್ ಬೋರ್ಡಿನಲ್ಲಿ ಆ ಸಾಲಿನ ಬ್ರೇಕರನ್ನೇ ಆರಿಸಬೇಕು. ಸೆರೆಯಾದ ವಿದ್ಯುತ್ತು ಸಾಮಾನ್ಯವಾಗಿ ಮೋಟಾರಿನ ಸುರುಳಿಗಳ ಮೂಲಕ ಬರಿದಾಗುತ್ತದೆ. ಆದರೆ ತಂತಿ ಕಡಿದಿದ್ದರೆ ಒಳಗೇ ಉಳಿದಿರುತ್ತದೆ. ಆದ್ದರಿಂದ ಚೆನ್ನಾಗಿ ಹೊದಿಕೆಯಿರುವ ತಂತಿಗಳಿಗೆ ಜೋಡಿಸಿದ 20,000 ಓಮ್, 5 ವ್ಯಾಟಿನ ರೆಸಿಸ್ಟರನ್ನು ಅದರ ತುದಿಗಳಿಗೆ ಹತ್ತು ಸೆಕೆಂಡು ಹಿಡಿದು, ಬಳಿಕ ಮೀಟರಿನಿಂದ ಅಳೆದು ನೋಡಬೇಕು. ಮೂರು ತುದಿಯದಾದರೆ ಪ್ರತಿಯೊಂದು ಜೋಡಿಗೂ ಹೀಗೆಯೇ ಮಾಡಬೇಕು. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸುವ ಪದ್ಧತಿ ಅಪಾಯದ್ದು. ತಂತಿಗಳನ್ನು ಬಿಚ್ಚುವ ಮೊದಲು ಒಂದು ಫೋಟೋ ತೆಗೆದುಕೊಳ್ಳಬೇಕು. ಹೊಸದರ ಮೈಕ್ರೋಫ್ಯಾರಡ್ ಹಳೆಯದರಷ್ಟೇ ಇರಬೇಕು. ವೋಲ್ಟೇಜು ಹೆಚ್ಚಿರಬಹುದು, ಕಡಮೆ ಇರಕೂಡದು. ಹೊಸದನ್ನು ಹಾಕಿದ ಮೇಲೂ ಗೊಣಗು ನಿಲ್ಲದಿದ್ದರೆ ದೋಷ ಬೇರೆಲ್ಲೋ ಇದೆ. ಅಲ್ಲಿಗೆ ನಿಲ್ಲಿಸುವುದೇ ಜಾಣತನ.

ಮೀಟರಿಲ್ಲದವರು ಮೆಕ್ಯಾನಿಕ್ಕಿಗಾಗಿ ಕಾಯುವುದೇ ಮೇಲು. ಒಂದು ರಾತ್ರಿಯ ಸೆಕೆಯನ್ನು ಸಾಮಾನ್ಯವಾಗಿ ತಡೆದುಕೊಳ್ಳಬಹುದು. ಮೀಟರು ಇದ್ದು ಕೆಲಸಕ್ಕೆ ಕುಳಿತವರು ಫ್ರಾಂಕ್ಲಿನ್ನನ ಕಾಗದವನ್ನು ಒಮ್ಮೆ ನೆನೆಯಲಿ. ಅವನಿಗೆ ಪೆಟ್ಟು ಬಿದ್ದದ್ದು ವಿದ್ಯೆ ಸಾಲದೆ ಅಲ್ಲ, ಗಮನ ಮಾತಿನ ಕಡೆ ಹರಿದದ್ದರಿಂದ. ಮುಚ್ಚಳ ತೆರೆಯುವ ಮುನ್ನ, ಪಕ್ಕದಲ್ಲಿ ಮಾತಿಗೆ ನಿಂತವರನ್ನು ಒಳಗೆ ಕಳುಹಿಸಿಬಿಡುವುದು ಒಳ್ಳೆಯದು.