ಪುರೋದ್ಯಾನಗಳ ಪೂರ್ವೋತ್ತರ

ಮೈಸೂರು ಸೀಮೆಯ ಹಳ್ಳಿಗಳ ಹೊರಗೆ ಗುಂಡುತೋಪೆಂಬುದೊಂದು ಇರುತ್ತಿದ್ದುದನ್ನು ವಯಸ್ಸಾದವರೆಲ್ಲರೂ ಬಲ್ಲರು. ಹುಣಿಸೆ, ಮಾವು, ಹಿಪ್ಪೆ, ನೇರಳೆ, ಹೊಂಗೆಗಳ ಆ ಮರಗುಂಪು ಯಾರೊಬ್ಬನ ಸ್ವತ್ತೂ ಆಗಿರಲಿಲ್ಲ. ಸಂತೆಗೆ ಹೋಗುವ ಗಾಡಿಗಳು ಅಲ್ಲಿ ನೊಗವಿಳಿಸುತ್ತಿದ್ದುವು. ಊರವರು ಕೂಡಿ ಅಲ್ಲಿ ಪರ ಮಾಡುತ್ತಿದ್ದರು. ಹುಡುಗರು ಮರಕೋತಿಯನ್ನೂ ಚಿಣ್ಣಿದಾಂಡನ್ನೂ ಆಡಿ ಮೊಣಕಾಲು ಕೆತ್ತಿಸಿಕೊಂಡು ಮನೆಗೆ ಬರುತ್ತಿದ್ದರು. ಕಂದಾಯದ ಕಡತದಲ್ಲಿ ಅದಕ್ಕೊಂದು ಸರ್ವೆ ನಂಬರಿತ್ತು, ಗುಂಡುತೋಪೆಂಬ ಹೆಸರೂ ಇತ್ತು. ಹೀಗಿದ್ದುದರಿಂದ ಅದನ್ನು ಖಾಲಿ ಜಮೀನೆಂದು ಯಾರೂ ಕರೆಯುತ್ತಿರಲಿಲ್ಲ.

ಊರು ಪಟ್ಟಣವಾಗಿ ಬೆಳೆಯತೊಡಗಿದಾಗ ಮೊದಲು ಮಾಯವಾಗುವುದು ಇಂತಹ ಸ್ಥಳವೇ. ಮನೆಗೆ ಗೋಡೆಯುಂಟು, ಅಂಗಡಿಗೆ ಬೀಗವುಂಟು, ಗುಡಿಗೆ ಅರ್ಚಕನುಂಟು. ತೋಪಿಗೆ ಇವಾವುವೂ ಇಲ್ಲ. ನಗರದ ನಕ್ಷೆಯನ್ನು ಮೇಜಿನ ಮೇಲೆ ಹರಡಿಕೊಂಡು ಕುಳಿತ ಅಧಿಕಾರಿಯ ಕಣ್ಣಿಗೆ ಅದು ಬಣ್ಣ ಹಚ್ಚದ ಒಂದು ಬಿಳಿಯ ತುಣುಕಾಗಿ ಕಾಣುತ್ತದೆ. ದೀಪ, ನೀರು, ಚರಂಡಿಗಳನ್ನು ಒದಗಿಸುವಂತೆಯೇ ಆ ಬಿಳಿಯ ತುಣುಕನ್ನು ತುಂಬದೆ ಕಾಪಾಡುವುದೂ ಪುರಸಭೆಯ ಕೆಲಸವೆಂಬ ಭಾವನೆ ಎಲ್ಲಿ ಹುಟ್ಟಿತು, ನಮ್ಮಲ್ಲಿಗೆ ಹೇಗೆ ಬಂದಿತು, ಬಂದಮೇಲೆ ಏನಾಯಿತು ಎಂಬುದನ್ನು ನಾವು ಇಲ್ಲಿ ವಿಚಾರಿಸಬೇಕೆಂದಿದ್ದೇವೆ.

ಉದ್ಯಾನವೆಂಬುದು ಹೊಸ ವಸ್ತುವೇನೂ ಅಲ್ಲ. ನಮ್ಮ ಮಹಾಕಾವ್ಯಗಳ ಹದಿನೆಂಟು ವರ್ಣನೆಗಳಲ್ಲಿ ಉದ್ಯಾನವಿಹಾರಕ್ಕೆ ಮೊದಲಿನಿಂದಲೂ ಸ್ಥಾನವಿದೆ. ಆದರೆ ಆ ವನಗಳಲ್ಲಿ ವಿಹರಿಸುವವರು ಅರಸರು, ಅರಸಿಯರು, ಅವರ ಪರಿವಾರದವರು. ಹೂವಾಡಗಿತ್ತಿಯೂ ತೋಟಿಗನೂ ಅಲ್ಲಿ ಬರುವುದು ಕೆಲಸಕ್ಕೆ ಮಾತ್ರ. ಹೈದರಾಲಿಯು 1760ರ ಸುಮಾರಿಗೆ ಬೆಂಗಳೂರಿನಲ್ಲಿ ಸುಮಾರು 40 ಎಕರೆಯಷ್ಟು ನೆಲದಲ್ಲಿ ಲಾಲ್‌ಬಾಗನ್ನು ಆರಂಭಿಸಿದಾಗಲೂ ಸಂಗತಿ ಇದೇ ಆಗಿತ್ತು. ಟಿಪ್ಪುಸುಲ್ತಾನನು ದೂರದೇಶಗಳಿಂದ ಸಸಿಗಳನ್ನು ತರಿಸಿ ಅದನ್ನು ಬೆಳೆಸಿದನು. ಪೇಟೆಯ ನೇಕಾರನು ಅಲ್ಲಿ ಸಂಜೆ ಕುಳಿತು ಗಾಳಿ ಸೇವಿಸಬೇಕೆಂಬುದು ಆ ಕಾಲದ ಆಲೋಚನೆಯಲ್ಲಿರಲಿಲ್ಲ. ಯೂರೋಪಿನ ಅರಸರ ತೋಟಗಳ ಕಥೆಯೂ ಹೆಚ್ಚು ಕಡಿಮೆ ಹೀಗೆಯೇ.

ಇಂಗ್ಲೆಂಡಿನಲ್ಲಿ ಗಿರಣಿಗಳು ಎದ್ದು, ಹಳ್ಳಿಯ ಜನ ಊರುಗಳಿಗೆ ನುಗ್ಗಿ, ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರ ಬಾಳುವಂತಾದಮೇಲೆ ಆ ದೇಶದವರಿಗೆ ಯೋಚನೆ ಹತ್ತಿತು. 1833ರಲ್ಲಿ ಪಾರ್ಲಿಮೆಂಟಿನ ಸಮಿತಿಯೊಂದು ಸಾರ್ವಜನಿಕ ಸಂಚಾರಸ್ಥಳಗಳ ವಿಷಯವನ್ನು ವಿಚಾರಮಾಡಿ, ದೊಡ್ಡ ಕೈಗಾರಿಕೆಯ ಪಟ್ಟಣಗಳಲ್ಲಿ ಕೂಲಿಯವರಿಗೆ ಕಾಲಾಡಿಸಲು ಬಯಲೇ ಉಳಿದಿಲ್ಲವೆಂದು ವರದಿ ಮಾಡಿತು. 1840ರಲ್ಲಿ ಡಾರ್ಬಿ ಪಟ್ಟಣದ ಗಿರಣಿಯ ಧನಿಕ ಜೋಸೆಫ್ ಸ್ಟ್ರಟ್ ಎಂಬಾತನು ಒಂದು ವೃಕ್ಷೋದ್ಯಾನವನ್ನು ಊರಿಗೆ ದಾನವಾಗಿ ಕೊಟ್ಟನು. ಭಾನುವಾರ ಮತ್ತು ಬುಧವಾರ ಅಲ್ಲಿ ಪ್ರವೇಶ ಧರ್ಮಾರ್ಥವಾಗಿತ್ತು. ಉಳಿದ ದಿನಗಳಲ್ಲಿ ಕಾಸು ಕೊಡಬೇಕಾಗಿತ್ತು. ಮ್ಯಾಂಚೆಸ್ಟರಿನವರು ಚಂದಾ ಎತ್ತಿ 1846ರಲ್ಲಿ ತಮ್ಮ ಉದ್ಯಾನಗಳನ್ನು ತೆರೆದರು. ಇವೆಲ್ಲ ದೊಡ್ಡ ಮನಸ್ಸಿನ ಕಾರ್ಯಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ದಾನ ಬೇರೆ, ಕರ್ತವ್ಯ ಬೇರೆ. ದಾನಿಯ ಮನಸ್ಸು ಒಣಗಿದರೆ ತೋಟವೂ ಒಣಗುತ್ತದೆ.

ಲಿವರ್‌ಪೂಲಿನ ಎದುರುದಂಡೆಯಲ್ಲಿ, ಮರ್ಸಿ ನದಿಯ ಆಚೆಗಿರುವ ಬರ್ಕನ್‌ಹೆಡ್ ಎಂಬ ಊರು ಈ ವಿಷಯದಲ್ಲಿ ಹೊಸ ದಾರಿಯನ್ನು ಹಿಡಿಯಿತು. ಆಗತಾನೆ ಹಬ್ಬುತ್ತಿದ್ದ ಊರು ಅದು. ಅಲ್ಲಿಯ ಊರಭಿವೃದ್ಧಿಯ ಕಮಿಷನರುಗಳು 1843ರಲ್ಲಿ ಪಾರ್ಲಿಮೆಂಟಿನ ಶಾಸನದ ಮೂಲಕ ಅಧಿಕಾರ ಪಡೆದು, ಊರಿನ ಹಣದಲ್ಲಿಯೇ 226 ಎಕರೆ ಜೌಗುನೆಲವನ್ನು ಕೊಂಡರು. ಅದರಲ್ಲಿ 125 ಎಕರೆಯನ್ನು ಜನರ ಉಪಯೋಗಕ್ಕೆಂದು ತೆಗೆದಿಟ್ಟು, ಸುತ್ತಲಿನ ನೆಲವನ್ನು ಮನೆಯ ನಿವೇಶನಗಳಾಗಿ ಮಾರಿ ಖರ್ಚನ್ನು ತುಂಬಿಕೊಳ್ಳುವ ಉಪಾಯ ಅವರದು. ತೋಟದ ಮಗ್ಗುಲಿಗೆ ಇರುವ ಮನೆಗೆ ಬೆಲೆ ಹೆಚ್ಚು. ಆ ಹೆಚ್ಚಿನ ಬೆಲೆ ತೋಟಕ್ಕೇ ಸಲ್ಲಲಿ ಎಂಬುದು ಲೆಕ್ಕ. ಈ ಕಮಿಷನರುಗಳನ್ನು ನಾವು ಋಷಿಗಳೆಂದು ಭಾವಿಸಬೇಕಾಗಿಲ್ಲ. ವ್ಯಾಪಾರ ಬಲ್ಲವರ ಕೈಚಳಕ ಇದರಲ್ಲಿ ಕಾಣುತ್ತದೆ. ಆದರೂ ಕೊನೆಗೆ ಉಳಿದ 125 ಎಕರೆ ಊರಿನದಾಯಿತು. ದಾನವೂ ಅಲ್ಲ, ಚಂದಾ ಹಣವೂ ಅಲ್ಲ. ಪೌರರು ತಮ್ಮ ಹಣದಿಂದ ತಮಗಾಗಿ ಮಾಡಿಕೊಂಡದ್ದು.

ಅದನ್ನು ರೂಪಿಸಲು ಕರೆಸಿದವನು ಜೋಸೆಫ್ ಪ್ಯಾಕ್ಸ್‌ಟನ್. ಬಡ ಬೇಸಾಯಗಾರನ ಮಗ. ಚ್ಯಾಟ್ಸ್‌ವರ್ತಿನಲ್ಲಿ ಡ್ಯೂಕನೊಬ್ಬನ ತೋಟದ ಮೇಲ್ವಿಚಾರಕನಾಗಿ ಹೆಸರು ಪಡೆದವನು. ಅವನು ಆ ಜೌಗಿನಲ್ಲಿ ಕೊಳಗಳನ್ನು ತೋಡಿಸಿ, ತೋಡಿದ ಮಣ್ಣನ್ನೇ ರಾಶಿಹಾಕಿ ದಿಬ್ಬಗಳನ್ನು ಮಾಡಿಸಿದನು. ಸಮತಟ್ಟಾದ ನೆಲ ಏರುತಗ್ಗುಗಳ ನೆಲವಾಯಿತು. ನೀರು ಬಸಿದು ಹೋಗಿ ಹುಲ್ಲು ಹಿಡಿಯಿತು. ಗಾಡಿಗಳ ದಾರಿಯನ್ನು ಹೊರಗಿನ ಸುತ್ತಿನಲ್ಲಿಟ್ಟು, ನಡೆಯುವವರ ಹಾದಿಗಳನ್ನು ಒಳಗೆ ಬಳಸುಬಳಸಾಗಿ ಬಿಡಿಸಿದನು. ಸಾರೋಟು ಇಲ್ಲದವನು ಸಾರೋಟಿಗೆ ಹೆದರದೆ ಮಗುವನ್ನು ಕೈಬಿಟ್ಟು ನಡೆಯಬಹುದಾದ ಏರ್ಪಾಡು ಅದು. 1847ರ ಏಪ್ರಿಲ್ 5ರಂದು ಉದ್ಯಾನ ತೆರೆಯಿತು. ಒಂದು ಸ್ವಾರಸ್ಯವನ್ನು ಇಲ್ಲಿ ಹೇಳಬೇಕು: ಅಲ್ಲಿಯ ಕ್ರಿಕೆಟ್ ಸಂಘ ಸ್ಥಾಪಿತವಾದುದು 1846ರಲ್ಲಿ. ಉದ್ಘಾಟನೆಯ ಮಹೂರ್ತಕ್ಕೆ ಆಟಗಾರರು ಕಾಯಲಿಲ್ಲ.

ಮೂರು ವರ್ಷಗಳ ಅನಂತರ, 1850ರಲ್ಲಿ, ಅಮೆರಿಕದ ಒಬ್ಬ ತರುಣ ಬೇಸಾಯಗಾರ ಇಂಗ್ಲೆಂಡನ್ನು ನೋಡಬೇಕೆಂದು ಬಂದು, ಬರ್ಕನ್‌ಹೆಡ್ಡಿನ ರೊಟ್ಟಿಯಂಗಡಿಯವನೊಬ್ಬನ ಮಾತಿನಂತೆ ಈ ತೋಟಕ್ಕೆ ಹೋದನು. ಅವನ ಹೆಸರು ಫ್ರೆಡರಿಕ್ ಲಾ ಓಮ್‌ಸ್ಟೆಡ್. ಅಲ್ಲಿಯ ಹುಲ್ಲಿನ ಮೇಲೆ ಎಲ್ಲ ಅಂತಸ್ತಿನವರೂ ಸರಿಸಮನಾಗಿ ಓಡಾಡುತ್ತಿದ್ದುದನ್ನು ಕಂಡು ಅವನಿಗೆ ಆಶ್ಚರ್ಯವಾಯಿತು. ಪ್ರಜಾಪ್ರಭುತ್ವವನ್ನು ಕೊಂಡಾಡುವ ತನ್ನ ದೇಶದಲ್ಲಿ ಇದಕ್ಕೆ ಸಮನಾದುದಿಲ್ಲವೆಂದು ಅವನು ಬರೆದುಕೊಂಡನು. ಎಂಟು ವರ್ಷ ಕಳೆದು 1858ರಲ್ಲಿ ಅವನೂ ಕ್ಯಾಲ್ವರ್ಟ್ ವಾಕ್ಸನೂ ಕೂಡಿ ಬರೆದ ನಕ್ಷೆಯಂತೆ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕು ನಿರ್ಮಾಣವಾಯಿತು.

ಪ್ಯಾಕ್ಸ್‌ಟನ್ನನ ಹೆಸರು ಬೆಂಗಳೂರಿನ ಕಥೆಯಲ್ಲಿಯೂ ಒಂದು ಕಡೆ ಬರುತ್ತದೆ. 1851ರ ಲಂಡನ್ ಮಹಾಪ್ರದರ್ಶನಕ್ಕಾಗಿ ಕಬ್ಬಿಣ ಮತ್ತು ಗಾಜಿನಿಂದ ಸ್ಫಟಿಕಸೌಧವನ್ನು ಕಟ್ಟಿದವನು ಅವನೇ. ಲಾಲ್‌ಬಾಗಿನ ಗಾಜಿನ ಮನೆಗೆ ಆ ಸೌಧವೇ ಮೇಲ್ಪಂಕ್ತಿಯೆಂದು ಹೇಳುವುದುಂಟು. ಅದರ ಶಂಕುಸ್ಥಾಪನೆ 1889ರಲ್ಲಿ, ಜಾನ್ ಕ್ಯಾಮರಾನ್ ತೋಟದ ಮೇಲ್ವಿಚಾರಕನಾಗಿದ್ದ ಕಾಲದಲ್ಲಿ ನಡೆಯಿತು. ಲಾಲ್‌ಬಾಗು ಅದಕ್ಕೆ ಮೊದಲೇ, 1856ರಲ್ಲಿ, ಸರ್ಕಾರದ ಸಸ್ಯೋದ್ಯಾನವಾಗಿತ್ತು. ಅರಮನೆಯ ವಿನೋದದ ವನ ಹೀಗೆ ವಿದ್ಯೆಯ ವನವಾಯಿತು. ಫಲಪುಷ್ಪ ಪ್ರದರ್ಶನಗಳ ನೆಪದಿಂದ ಜನರ ವನವೂ ಆಯಿತು. ಆ ಪ್ರದರ್ಶನಗಳಿಗೆ ಇಡೀ ಸಂಸಾರವೇ ಬುತ್ತಿ ಕಟ್ಟಿಕೊಂಡು ಹೋಗುವ ವಾಡಿಕೆಯನ್ನು ಕಂಡವರಿಗೆ, ಸುಲ್ತಾನರ ತೋಟದ ಗುಂಡುತೋಪಿನ ಅವತಾರ ಇದೆಂದು ತೋರದಿರದು.

ಕಬ್ಬನ್ ಪಾರ್ಕಿನ ಹುಟ್ಟು ಇನ್ನೊಂದು ಬಗೆಯದು. 1870ರಲ್ಲಿ ಸಂಸ್ಥಾನದ ಮುಖ್ಯ ಇಂಜಿನಿಯರನಾಗಿದ್ದ ರಿಚರ್ಡ್ ಸ್ಯಾಂಕಿ ಅದನ್ನು ಯೋಜಿಸಿದನು. ಅಂದಿನ ಬೆಂಗಳೂರು ಒಂದು ಊರಲ್ಲ, ಎರಡು. ಪಶ್ಚಿಮಕ್ಕೆ ಕೆಂಪೇಗೌಡರ ಪೇಟೆ, ಪೂರ್ವಕ್ಕೆ ಇಂಗ್ಲಿಷರ ದಂಡು. 1862ರಿಂದ ಒಂದೊಂದಕ್ಕೂ ಬೇರೆ ಬೇರೆ ಪುರಸಭೆ; ಭಾಷೆ, ಉಡುಗೆ, ಊಟ, ಕಾನೂನು ಎಲ್ಲವೂ ಬೇರೆ. ಇವೆರಡರ ನಡುವಣ ಬಯಲಿನಲ್ಲಿ ಸುಮಾರು 100 ಎಕರೆಯಲ್ಲಿ ಈ ಉದ್ಯಾನ ಎದ್ದಿತು. ಎರಡು ಊರುಗಳನ್ನು ದೂರವಿಡಲು ಇದೊಂದು ಹಸುರು ಗೋಡೆಯಾಗಿತ್ತೆಂದು ಹೇಳುವವರಿದ್ದಾರೆ, ಅದು ಸುಳ್ಳೆನ್ನಲಾರೆವು. ಆದರೆ ಗೋಡೆಯ ಮೇಲೆ ಕುಳಿತು ಯಾರೂ ಹರಟುವುದಿಲ್ಲ. ಇಲ್ಲಿಯ ಬಿದಿರುಮೆಳೆಗಳ ನೆರಳಿನಲ್ಲಿ ಎರಡೂ ಕಡೆಯವರು ಕುಳಿತರು. 1927ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ರಜತೋತ್ಸವದ ವರ್ಷ ಅದಕ್ಕೆ ಶ್ರೀ ಚಾಮರಾಜೇಂದ್ರ ಉದ್ಯಾನವೆಂಬ ಹೆಸರಾಯಿತು. ಹೆಸರು ಕಾಗದದಲ್ಲಿ ನಿಂತಿತು. ಜನರ ಬಾಯಿಂದ ಕಬ್ಬನ್ ಹೋಗಲಿಲ್ಲ. ಎರಡು ಊರುಗಳೂ ಒಂದೇ ಕಾರ್ಪೊರೇಷನ್ನಿಗೆ ಸೇರಿದುದು 1949ರಲ್ಲಿ.

ಈ ಉದ್ಯಾನ ಮುಂದೆ ಸುಮಾರು 300 ಎಕರೆಗೆ ಬೆಳೆಯಿತಾದರೂ, ಅದರ ಒಳಗೆ ಏನೇನು ಬಂದಿತೆಂಬುದನ್ನು ಗಮನಿಸಬೇಕು. ವಸ್ತುಪ್ರದರ್ಶನಾಲಯ ಬಂದಿತು. 1915ರಲ್ಲಿ ಶೇಷಾದ್ರಿ ಅಯ್ಯರವರ ಸ್ಮಾರಕಭವನ ಬಂದು ಪುಸ್ತಕಭಂಡಾರಕ್ಕೆ ನೆಲೆಯಾಯಿತು. ಕ್ಲಬ್ಬುಗಳು ಬಂದುವು, ಮಕ್ಕಳ ಭವನ ಬಂದಿತು. ಮಗ್ಗುಲಲ್ಲಿದ್ದ ಸಂಪಂಗಿ ಕೆರೆ ಬತ್ತಿ, ಅದರ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ಇವುಗಳಲ್ಲಿ ಯಾವುದನ್ನು ಕೆಟ್ಟದ್ದೆನ್ನೋಣ? ಕಳ್ಳನು ಬಂದು ತೋಟವನ್ನು ಕದ್ದರೆ ಪೋಲೀಸಿನವರನ್ನು ಕರೆಯಬಹುದು. ಪುಸ್ತಕಭಂಡಾರ, ಪಾಠಶಾಲೆ, ಆಸ್ಪತ್ರೆ ಬಂದು ಒಂದು ಮೂಲೆ ಕೇಳಿದರೆ ಯಾವ ಬಾಯಿಂದ ಇಲ್ಲವೆನ್ನುವುದು? ಬಯಲಿಗೆ ಅಪಾಯ ಬರುವುದು ಹೆಚ್ಚಾಗಿ ಸಜ್ಜನರಿಂದಲೇ. ಈ ಸಂಕಟವನ್ನು ಅರಿತೋ ಏನೋ, 1975ರಲ್ಲಿ ಸರ್ಕಾರಿ ಉದ್ಯಾನಗಳ ಸಂರಕ್ಷಣೆಗೆ ಒಂದು ಕಾಯಿದೆ ಮಾಡಬೇಕಾಯಿತು.

ಬೆಂಗಳೂರಿನ ಉದ್ಯಾನಗಳೆಂದೊಡನೆ ಎಲ್ಲರೂ ಹೆಸರಿಸುವ ಇವೆರಡೂ ಪುರಸಭೆಯ ಸೃಷ್ಟಿಗಳಲ್ಲ, ಸರ್ಕಾರದವು. ಬರ್ಕನ್‌ಹೆಡ್ಡಿನ ನಿಜವಾದ ಸಂತಾನವನ್ನು ಕಾಣಬೇಕಾದರೆ ಬಡಾವಣೆಗಳಿಗೆ ಹೋಗಬೇಕು. 1898ರ ಪ್ಲೇಗು ಪೇಟೆಯ ಇಕ್ಕಟ್ಟಾದ ಕೇರಿಗಳಲ್ಲಿ ಮಾಡಿದ ಅನಾಹುತದ ಅನಂತರ ಮಲ್ಲೇಶ್ವರ, ಬಸವನಗುಡಿಗಳು ಬೆಳೆದುವು. ಗಾಳಿ ಬೆಳಕುಗಳು ಇಲ್ಲಿ ಪ್ರಾಣದ ಪ್ರಶ್ನೆಯಾಗಿದ್ದುವು, ಚೆಲುವಿನ ಪ್ರಶ್ನೆಯಾಗಿರಲಿಲ್ಲ. ಅಗಲವಾದ ಬೀದಿ, ಮನೆಯ ಸುತ್ತ ಅಂಗಳ, ನಡುನಡುವೆ ಬಯಲು ಎಂಬ ಮಾದರಿ ಬೇರೂರಿತು. 1945ರಲ್ಲಿ ನಗರಾಭಿವೃದ್ಧಿಯ ಟ್ರಸ್ಟ್ ಮಂಡಳಿಯೂ, 1976ರಲ್ಲಿ ಅದರ ಸ್ಥಾನದಲ್ಲಿ ಅಭಿವೃದ್ಧಿ ಪ್ರಾಧಿಕಾರವೂ ಬಂದಮೇಲೆ, ಬಡಾವಣೆಯ ನಕ್ಷೆಯಲ್ಲಿ ಉದ್ಯಾನಕ್ಕೆಂದು ನೆಲವನ್ನು ಗುರುತಿಸುವುದು ಪದ್ಧತಿಯಾಯಿತು. ಒಂದು ಸಿಮೆಂಟಿನ ಬೆಂಚು, ನಾಲ್ಕು ಹೊಂಗೆ, ಒಂದು ಜಾರುಬಂಡೆ, ವಾರಕ್ಕೊಮ್ಮೆ ನೀರು ಬಿಡುವ ಮಾಲಿ, ಇಷ್ಟೇ ಅದರ ವೈಭವ. ಅಲ್ಲಿಗೆ ಬರುವ ಪ್ರವಾಸಿಗಳಿಲ್ಲ. ಬೆಳಿಗ್ಗೆ ನಿವೃತ್ತರು, ಮಧ್ಯಾಹ್ನ ತರಕಾರಿಯ ಬುಟ್ಟಿಯಿಳಿಸಿ ದಣಿವಾರಿಸಿಕೊಳ್ಳುವವರು, ಸಂಜೆ ಮಕ್ಕಳು.

ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಹೀಗೆ ಉದ್ಯಾನಕ್ಕೆಂದು ಗುರುತಾಗಿದ್ದ ಒಂದು ನೆಲವನ್ನು 1976ರಲ್ಲಿ ಸರ್ಕಾರದ ಆಜ್ಞೆಯ ಮೇರೆಗೆ ಖಾಸಗಿ ಆಸ್ಪತ್ರೆಯೊಂದನ್ನು ಕಟ್ಟಲು ವೈದ್ಯಕೀಯ ಸಂಸ್ಥೆಯೊಂದಕ್ಕೆ ಕೊಡಲಾಯಿತು. ನಕ್ಷೆಯಲ್ಲಿ ಬಿಳಿಯ ತುಣುಕು. ಎದುರಿಗೆ ರೋಗಿಗಳ ಶುಶ್ರೂಷೆಯೆಂಬ ಉತ್ತಮವಾದ ಉದ್ದೇಶ. ಬಡಾವಣೆಯ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠದಲ್ಲಿ ಸೋತರು. ಆಸ್ಪತ್ರೆಯೂ ಪೌರಸೌಕರ್ಯವೇ ಅಲ್ಲವೆ ಎಂಬುದು ಅಲ್ಲಿ ಗೆದ್ದ ವಾದ. ವಿಭಾಗೀಯ ಪೀಠದಲ್ಲಿ ನಿವಾಸಿಗಳು ಗೆದ್ದರು. ವಿವಾದ ದೆಹಲಿಗೆ ಹೋಯಿತು.

ಸರ್ವೋಚ್ಚ ನ್ಯಾಯಾಲಯವು 1991ರ ಜುಲೈ ತಿಂಗಳಲ್ಲಿ ನಿವಾಸಿಗಳ ಪಕ್ಷವನ್ನೇ ಎತ್ತಿಹಿಡಿಯಿತು. ಯೋಜನೆಯಲ್ಲಿ ಉದ್ಯಾನಕ್ಕೆಂದು ಮೀಸಲಿಟ್ಟ ನೆಲವನ್ನು ಖಾಸಗಿಯವರಿಗೆ ಕೊಡುವ ಅಧಿಕಾರ ಪ್ರಾಧಿಕಾರಕ್ಕೂ ಇಲ್ಲ, ಸರ್ಕಾರಕ್ಕೂ ಇಲ್ಲ. ಹಾಗೆ ಕೊಟ್ಟರೆ ಪ್ರಶ್ನಿಸುವ ಹಕ್ಕು ಅಲ್ಲಿಯ ನಿವಾಸಿಗಳಿಗೆ ಉಂಟು ಎಂಬುದು ತೀರ್ಪಿನ ಸಾರ. ಕಾನೂನಿನ ಪಂಡಿತರು ಅದನ್ನು ಬೇರೆ ಕಾರಣಗಳಿಗಾಗಿ ಮತ್ತೆ ಮತ್ತೆ ಎತ್ತಿಹೇಳುತ್ತಾರೆ. ನಮ್ಮನ್ನು ಹಿಡಿದು ನಿಲ್ಲಿಸಿದುದು ಇನ್ನೊಂದು ಸಂಗತಿ. ನ್ಯಾಯಮೂರ್ತಿಗಳಲ್ಲಿ ಒಬ್ಬರಾದ ಸಹಾಯ್ ಅವರು ಅದರಲ್ಲಿ ಉದ್ಯಾನಗಳ ಚರಿತ್ರೆಯನ್ನೇ ಪ್ರಮಾಣವಾಗಿ ತಂದಿದ್ದಾರೆ. ಹಿಂದೆ ತೋಟದ ಸುಖ ಪ್ರಭುಗಳದೂ ಧನಿಕರದೂ ಆಗಿತ್ತು. ಸಾಮಾನ್ಯ ಮನುಷ್ಯನಿಗೂ ಸಮಾನವಾದ ಬೆಲೆಯುಂಟೆಂಬ ಭಾವನೆ ಬೆಳೆದಂತೆ ಹತ್ತೊಂಬತ್ತು, ಇಪ್ಪತ್ತನೆಯ ಶತಮಾನಗಳಲ್ಲಿ ಸಾರ್ವಜನಿಕ ಉದ್ಯಾನವೂ ಬೆಳೆಯಿತು. ಈಗ ಅದು ಜನರು ತಮಗೆ ತಾವೇ ಕೊಟ್ಟುಕೊಂಡ ಕಾಣಿಕೆ ಎಂಬುದು ಅವರ ವಾದ. ಬರ್ಕನ್‌ಹೆಡ್ಡಿನ ಕಮಿಷನರುಗಳು ಜೌಗಿನಲ್ಲಿ ತೋಡಿಸಿದ ಮಣ್ಣಿನ ಲೆಕ್ಕ ಕೊನೆಗೆ ಬೆಂಗಳೂರಿನ ಒಂದು ನಿವೇಶನದ ಮೊಕದ್ದಮೆಯಲ್ಲಿ ಕೆಲಸಕ್ಕೆ ಬಂದಿತು.

ಈ ನಡುವೆ ರಾಜ್ಯವೂ ಸುಮ್ಮನಿರಲಿಲ್ಲ. ಉದ್ಯಾನ ಮತ್ತು ಆಟದ ಬಯಲುಗಳಿಗೆ ಮೀಸಲಾದ ನೆಲವನ್ನು ಪ್ರಾಧಿಕಾರವು ಬೇರೆ ಉದ್ದೇಶಕ್ಕೆ ಮಾರಿದರೆ ಆ ಮಾರಾಟ ಅಸಿಂಧುವೆಂಬ ವಿಧಿ ಅದರ ಕಾಯಿದೆಗೆ ಸೇರಿತು. 1985ರಲ್ಲಿ ಉದ್ಯಾನ, ಆಟದ ಮೈದಾನ ಮತ್ತು ಬಯಲುಗಳ ಸಂರಕ್ಷಣೆಗೆಂದೇ ಪ್ರತ್ಯೇಕವಾದ ಕಾಯಿದೆಯಾಯಿತು. ಗುಂಡುತೋಪಿಗೆ ಕಂದಾಯದ ಕಡತದಲ್ಲಿ ಇದ್ದ ಹೆಸರನ್ನು ಪಟ್ಟಣದ ಬಯಲಿಗೂ ಕೊಡುವ ಪ್ರಯತ್ನ ಇದೆಂದು ನಾವು ತಿಳಿದಿದ್ದೇವೆ.

ಆ ಬಡಾವಣೆಯಲ್ಲಿ 1976ರಲ್ಲಿ ಐದು ವರ್ಷದವನಾಗಿ, ಉದ್ಯಾನ ಯಾವಾಗ ಆಗುವುದೆಂದು ಕಾದಿದ್ದ ಹುಡುಗನೊಬ್ಬನಿದ್ದರೆ, ತೀರ್ಪು ಬಂದ ದಿನ ಅವನಿಗೆ ಇಪ್ಪತ್ತು ವರ್ಷ.