ಬೆನ್ ಆಲ್ಡರ್‌ಗೆ ಒಂದು ದಿನದ ದಾರಿ

ನಮ್ಮಲ್ಲಿ ಬೆಟ್ಟ ಹತ್ತುವುದೆಂದರೆ ಬಹುಮಟ್ಟಿಗೆ ದೇವರ ದರ್ಶನಕ್ಕೆ. ಮೆಟ್ಟಿಲುಂಟು, ನಡುವೆ ಮಂಟಪವುಂಟು, ಮೇಲೆ ಅರ್ಚಕರುಂಟು. ಎಷ್ಟು ಹೊತ್ತು ಹಿಡಿಯುತ್ತದೆಂದು ಲೆಕ್ಕ ಹಾಕಿ ಹೊರಡುವವರು ಕಡಮೆ. ಸ್ಕಾಟ್ಲೆಂಡಿನ ಉತ್ತರಭಾಗದ ಹೈಲ್ಯಾಂಡ್ಸ್ ಎಂಬ ಮಲೆನಾಡಿನಲ್ಲಿ ಬೆಟ್ಟಕ್ಕೆ ಹೊರಡುವವನು ಹಿಂದಿನ ರಾತ್ರಿಯೇ ನಕ್ಷೆಯನ್ನು ಹರಡಿಕೊಂಡು ಕೂರುತ್ತಾನೆ. ಎಷ್ಟು ಮೈಲಿ, ಎಷ್ಟು ಅಡಿಗಳ ಏರು, ಎಷ್ಟು ಗಂಟೆಗಳ ಬೆಳಕು, ರೈಲು ಎಲ್ಲಿಯವರೆಗೆ, ಜಮೀನು ಯಾರದು ಎಂಬ ಪ್ರಶ್ನೆಗಳು ಅವನ ಮುಂದಿರುತ್ತವೆ. ಈ ಒಂದೊಂದು ಪ್ರಶ್ನೆಯ ಹಿಂದೆಯೂ ಚರಿತ್ರೆಯಿದೆ. ಬೆನ್ ಆಲ್ಡರ್ ಎಂಬ ಒಂದೇ ಬೆಟ್ಟವನ್ನು ಮುಂದಿಟ್ಟುಕೊಂಡು ಅದನ್ನು ಸ್ವಲ್ಪ ನೋಡೋಣ.

ಇದರ ಎತ್ತರ 3,766 ಅಡಿ. ನಮ್ಮ ಮುಳ್ಳಯ್ಯನಗಿರಿಯ ಪಕ್ಕದಲ್ಲಿ ನಿಲ್ಲಿಸಿದರೆ ಕುಳ್ಳು ಬೆಟ್ಟವೇ. ಆದರೆ ಅದು ಸುಮಾರು 57 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಎರಿಕ್ಟ್ ಎಂಬ ಉದ್ದನೆಯ ಸರೋವರದ ಪಡುವಣ ದಡದ ಮೇಲೆ, ಊರುಕೇರಿಗಳಿಂದ ದೂರವಾಗಿ ನಿಂತಿದೆ. ಸಾರ್ವಜನಿಕ ರಸ್ತೆ ಯಾವುದೂ ಅದರ ಬುಡವನ್ನು ಮುಟ್ಟುವುದಿಲ್ಲ.

ಈ ದೂರವೇ ಒಮ್ಮೆ ಒಬ್ಬ ರಾಜಕುಮಾರನನ್ನು ಕಾಪಾಡಿತು. 1746ರ ಏಪ್ರಿಲ್ 16ರಂದು ಕಲೊಡೆನ್ ಯುದ್ಧದಲ್ಲಿ ಸ್ಟುವರ್ಟ್ ಮನೆತನದ ಚಾರ್ಲ್ಸ್ ಎಡ್ವರ್ಡನ ಪಡೆ ನುಚ್ಚುನೂರಾಯಿತು. ಅವನ ತಲೆಗೆ ಸರ್ಕಾರ ಮೊದಲೇ 30,000 ಪೌಂಡು ಬೆಲೆ ಕಟ್ಟಿತ್ತು. ಐದು ತಿಂಗಳ ಕಾಲ ಗುಡ್ಡ, ದ್ವೀಪ, ಗುಹೆಗಳಲ್ಲಿ ಅಲೆದ ಆತ ಸೆಪ್ಟೆಂಬರಿನಲ್ಲಿ ಸೇರಿದ್ದು ಬೆನ್ ಆಲ್ಡರಿನ ದಕ್ಷಿಣದ ಇಳುಕಲನ್ನು. ಕ್ಲೂನಿ ಮ್ಯಾಕ್‌ಫರ್ಸನ್ ಎಂಬ ಕುಲನಾಯಕ ಅಲ್ಲಿ ಮರದ ಕೊಂಬೆಗಳನ್ನು ಹೆಣೆದು, ಪಾಚಿ ಹೊದಿಸಿ, ಎರಡು ಅಂತಸ್ತಿನ ಅಡಗುದಾಣವೊಂದನ್ನು ಕಟ್ಟಿಸಿದ್ದ. ಅದಕ್ಕೆ ‘ಕ್ಲೂನಿಯ ಪಂಜರ’ವೆಂದೇ ಹೆಸರು. ಒಲೆಯ ಹೊಗೆ ಹಿಂದಿನ ಬಂಡೆಯ ಬೂದುಬಣ್ಣದಲ್ಲಿ ಬೆರೆತು ದೂರದಿಂದ ಕಾಣುತ್ತಿರಲಿಲ್ಲವಂತೆ. ಸುತ್ತಣ ಜನಕ್ಕೆ ವಿಷಯ ತಿಳಿದಿತ್ತು. ಮೂವತ್ತು ಸಾವಿರ ಪೌಂಡಿಗೆ ಯಾರೂ ಬಾಯಿ ಬಿಡಲಿಲ್ಲ. ರಾಜಕುಮಾರ ಆ ತಿಂಗಳ 20ರಂದು ಫ್ರಾನ್ಸಿಗೆ ಹಡಗು ಹತ್ತಿದ. ಕ್ಲೂನಿ ಮಾತ್ರ ಸುಮಾರು ಒಂಬತ್ತು ವರ್ಷ ಈ ಸೀಮೆಯಲ್ಲೇ ತಲೆಮರೆಸಿಕೊಂಡಿದ್ದು 1755ರಲ್ಲಿ ದೇಶ ಬಿಟ್ಟ.

ಸೈನ್ಯಕ್ಕೆ ಇದರಿಂದ ಒಂದು ಪಾಠವಾಯಿತು. ನೆಲವನ್ನು ಅರಿತವರನ್ನು, ನೆಲವನ್ನು ಅರಿಯದವರು ಹಿಡಿಯಲಾರರು. ಮರುವರ್ಷವೇ, ಅಂದರೆ 1747ರಲ್ಲಿ, ಹೈಲ್ಯಾಂಡ್ಸಿನ ಸೈನಿಕ ಮೋಜಣಿ ಆರಂಭವಾಯಿತು. ಅದರ ಮುಖ್ಯ ಶಿಲ್ಪಿ ವಿಲಿಯಂ ರಾಯ್. 1755ರವರೆಗೆ ನಡೆದ ಈ ಕೆಲಸದಲ್ಲಿ ಬೆಟ್ಟಗಳನ್ನು ಕುಂಚದ ನೆರಳಿನಿಂದ ಸೂಚಿಸಿದರೇ ಹೊರತು ಎತ್ತರಗಳ ಅಳತೆ ಇರಲಿಲ್ಲ. ರಾಯ್ ತೀರಿಕೊಂಡ ಮರುವರ್ಷ, 1791ರಲ್ಲಿ, ಬ್ರಿಟನ್ನಿನ ಆರ್ಡ್‌ನೆನ್ಸ್ ಸರ್ವೆ ಸ್ಥಾಪನೆಯಾಯಿತು. ಇಂದು ವಿಹಾರಕ್ಕೆ ಹೊರಟವನು ಜೇಬಿನಲ್ಲಿ ಮಡಿಸಿಟ್ಟುಕೊಳ್ಳುವ ನಕ್ಷೆ, ತಲೆಮರೆಸಿಕೊಂಡವರನ್ನು ಹಿಡಿಯಲು ಹುಟ್ಟಿದ ನಕ್ಷೆಯ ವಂಶದ್ದು. ನಮಗೂ ಇದರ ಪರಿಚಯ ಇಲ್ಲದಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮರುವರ್ಷವೇ ಮೈಸೂರು ಸೀಮೆಯ ಮೋಜಣಿಗೆ ಕೈಹಾಕಿದ, ಕೈಫಿಯತ್ತುಗಳನ್ನು ಸಂಗ್ರಹಿಸಿದ ಕರ್ನಲ್ ಕಾಲಿನ್ ಮೆಕೆಂಜಿ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದವನು. ಗೆದ್ದ ನೆಲವನ್ನು ಅಳೆಯುವುದು ಆ ಕಾಲದ ಆಡಳಿತದ ಮೊದಲ ಕೆಲಸ.

ನಕ್ಷೆಗೆ ಎತ್ತರ ಬಂದದ್ದರಲ್ಲಿ ಇದೇ ಸೀಮೆಯ ಇನ್ನೊಂದು ಬೆಟ್ಟಕ್ಕೆ ಪಾಲುಂಟು. 1774ರಲ್ಲಿ ಖಗೋಳಜ್ಞ ಮ್ಯಾಸ್ಕೆಲಿನ್, ಶಿಹಾಲಿಯನ್ ಬೆಟ್ಟವು ತೂಗುಗುಂಡನ್ನು ತನ್ನ ಕಡೆಗೆ ಎಷ್ಟು ಸೆಳೆಯುತ್ತದೆಂದು ಅಳೆದು ಭೂಮಿಯ ಸಾಂದ್ರತೆಯನ್ನು ಕಂಡುಹಿಡಿಯಲು ಹೊರಟ. ಅದಕ್ಕೆ ಬೆಟ್ಟದ ಗಾತ್ರ ತಿಳಿಯಬೇಕಿತ್ತು. ಲೆಕ್ಕದ ಹೊಣೆ ಹೊತ್ತ ಚಾರ್ಲ್ಸ್ ಹಟನ್ ನೂರಾರು ಅಳತೆಗಳ ನಡುವೆ ಕಂಗೆಟ್ಟು, ಒಂದೇ ಎತ್ತರದ ಬಿಂದುಗಳನ್ನೆಲ್ಲ ಗೆರೆಯೆಳೆದು ಜೋಡಿಸಿದ. ನೆಲದ ಮೇಲಿನ ಸಮೋನ್ನತ ರೇಖೆಗಳ ಆರಂಭದ ಬಳಕೆಗಳಲ್ಲಿ ಇದೊಂದು. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಏರು, ದೂರವಾಗಿದ್ದರೆ ಸಮನೆಲ.

ಗೆರೆಗಳನ್ನು ಗಂಟೆಗಳಾಗಿ ಪರಿವರ್ತಿಸಿದವನು ವಿಲಿಯಂ ನೇಯ್‌ಸ್ಮಿತ್. 1889ರಲ್ಲಿ ಹುಟ್ಟಿದ ಸ್ಕಾಟಿಷ್ ಪರ್ವತಾರೋಹಣ ಸಂಘದ ಮೂಲಪುರುಷರಲ್ಲಿ ಒಬ್ಬ. ಸಂಘದ ಪತ್ರಿಕೆಯಲ್ಲಿ 1891ರಲ್ಲಿ ಹ್ಯೂ ಮನ್ರೊ ಮೂರು ಸಾವಿರ ಅಡಿ ಮೀರಿದ 283 ಬೆಟ್ಟಗಳ ಪಟ್ಟಿಯನ್ನು ಪ್ರಕಟಿಸಿದ್ದ. ಅದನ್ನು ಓದಿದವರಿಗೆ ಹತ್ತಬೇಕಾದ ಬೆಟ್ಟಗಳ ಕೊರತೆಯಿರಲಿಲ್ಲ, ಹೊತ್ತಿನ ಅಂದಾಜಿನ ಕೊರತೆಯಿತ್ತು. 1892ರ ಮೇ ತಿಂಗಳಲ್ಲಿ ನೇಯ್‌ಸ್ಮಿತ್ ಒಬ್ಬನೇ ಕ್ರಿಯನ್‌ಲಾರಿಕ್ ಎಂಬಲ್ಲಿಂದ ಹೊರಟು ಮೂರು ಶಿಖರಗಳನ್ನು ಒಂದೇ ದಿನ ಮುಗಿಸಿದ. ದೂರ ಹತ್ತು ಮೈಲಿ, ಒಟ್ಟು ಏರು 6,300 ಅಡಿ, ಹಿಡಿದ ಹೊತ್ತು ಆರೂವರೆ ಗಂಟೆ. ಪತ್ರಿಕೆಗೆ ಬರೆದ ಪುಟ್ಟ ಟಿಪ್ಪಣಿಯ ಕೊನೆಗೆ ಒಂದು ಮಾತು ಸೇರಿಸಿದ: ಮೂರು ಮೈಲಿಗೆ ಒಂದು ಗಂಟೆ, ಎರಡು ಸಾವಿರ ಅಡಿ ಏರಿಗೆ ಮತ್ತೊಂದು ಗಂಟೆ. ಲೆಕ್ಕ ಹಾಕಿ ನೋಡಿ, ಅವನ ಆರೂವರೆ ಗಂಟೆಗೆ ಸರಿಯಾಗಿ ಹೊಂದುತ್ತದೆ. ಒಬ್ಬ ಗಟ್ಟಿಗನ ಒಂದು ದಿನದ ನಡಿಗೆ ಹೀಗೆ ಎಲ್ಲರ ಸೂತ್ರವಾಯಿತು. ಊಟಕ್ಕೆ ಕೂತ ಹೊತ್ತು, ಕಾಲು ಸೋತ ಹೊತ್ತು, ಎದುರುಗಾಳಿ ಯಾವುದೂ ಅದರಲ್ಲಿಲ್ಲ.

ಇನ್ನು ಜಮೀನು. ಹೈಲ್ಯಾಂಡ್ಸಿನ ನಿರ್ಜನತೆ ಪೂರ್ತಿ ಪ್ರಕೃತಿಯ ಕೊಡುಗೆಯೆಂದು ತಿಳಿಯುವುದು ತಪ್ಪು. ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳಲ್ಲಿ ಅಲ್ಲಿನ ಅನೇಕ ಕಣಿವೆಗಳಿಂದ ಒಕ್ಕಲುಗಳನ್ನು ಎಬ್ಬಿಸಿ ಕುರಿಗಳನ್ನು ತಂದರು; ಕುರಿಗಳ ಲಾಭ ಇಳಿದ ಮೇಲೆ ಜಿಂಕೆಗಳನ್ನು ಬಿಟ್ಟು ಸಿರಿವಂತರ ಬೇಟೆಗೆ ಮೀಸಲಿಟ್ಟರು. ಇವಕ್ಕೆ ‘ಜಿಂಕೆಯ ಅಡವಿ’ ಎಂದು ಹೆಸರು, ಮರಗಳಿರುವುದು ಅಪರೂಪ. ಬೆಟ್ಟದ ಮೇಲೆ ನಡೆಯುವ ಹಕ್ಕನ್ನು ಕೇಳಿ 1884ರಲ್ಲಿ ಜೇಮ್ಸ್ ಬ್ರೈಸ್ ಪಾರ್ಲಿಮೆಂಟಿನಲ್ಲಿ ಮಸೂದೆ ಮಂಡಿಸಿ ಸೋತ. ಹಕ್ಕು ಕಾನೂನಾಗಿ ಬಂದದ್ದು 2003ರಲ್ಲಿ. ಬೆನ್ ಆಲ್ಡರಿನ ಪಡುವಣಕ್ಕಿರುವ ಕೊರೌರ್ ನಿಲ್ದಾಣವೂ 1894ರಲ್ಲಿ ರೈಲುದಾರಿ ಬಂದಾಗ ಬೇಟೆಯ ಅತಿಥಿಗಳಿಗಾಗಿ ಆದದ್ದೇ. ಇಂದು ಚೀಲ ಬೆನ್ನಿಗೇರಿಸಿದವರು ಅಲ್ಲಿ ಇಳಿಯುತ್ತಾರೆ.

ಈಗ ಲೆಕ್ಕಕ್ಕೆ ಬರೋಣ. ಮೂಡಣದ ಡಾಲ್ವಿನ್ನಿ ನಿಲ್ದಾಣದಿಂದ ಶಿಖರಕ್ಕೆ ಹೋಗಿಬರಲು ಸುಮಾರು 24 ಮೈಲಿ. ಏರು ಸುಮಾರು 2,600 ಅಡಿ. ಸೂತ್ರದ ಪ್ರಕಾರ ಒಂಬತ್ತು ಗಂಟೆ ಇಪ್ಪತ್ತು ನಿಮಿಷ. ಜೂನ್ ತಿಂಗಳಾದರೆ ಹದಿನೇಳು ಗಂಟೆ ಮೀರಿ ಬಿಸಿಲಿರುತ್ತದೆ, ಚಿಂತೆಯಿಲ್ಲ. ಬೆಂಗಳೂರಿನಲ್ಲಿ ಬೇಸಗೆಯ ಹಗಲಿಗೂ ಚಳಿಗಾಲದ ಹಗಲಿಗೂ ಸುಮಾರು ಒಂದೂವರೆ ಗಂಟೆಯ ಅಂತರ. ಅಲ್ಲಿ ಡಿಸೆಂಬರಿನ ಹಗಲು ಏಳು ಗಂಟೆಯೂ ತುಂಬದು. ಒಂಬತ್ತು ಗಂಟೆಯ ದಾರಿಯನ್ನು ಏಳು ಗಂಟೆಯೊಳಗೆ ಹಿಡಿಸುವುದು ಯಾವ ಗಣಿತಕ್ಕೂ ಸಾಧ್ಯವಿಲ್ಲ. ಆದ್ದರಿಂದ ಅನುಭವಿಗಳು ಯೋಜನೆಯಲ್ಲಿ ಮೊದಲು ಬರೆಯುವುದು ಶಿಖರ ಸೇರುವ ಹೊತ್ತನ್ನಲ್ಲ, ಎಲ್ಲಿದ್ದರೂ ಹಿಂದಿರುಗಬೇಕಾದ ಹೊತ್ತನ್ನು.

1951ರ ಡಿಸೆಂಬರ್ ಕೊನೆಯಲ್ಲಿ, ಹೊಸ ವರ್ಷವನ್ನು ಬೆನ್ ಆಲ್ಡರಿನ ಬುಡದಲ್ಲಿರುವ ಪಾಳು ಕುಟೀರದಲ್ಲಿ ಕಳೆಯಬೇಕೆಂದು ಐವರು ಕೊರೌರಿನಲ್ಲಿ ಇಳಿದರು. ಶಿಖರದ ಗೊಡವೆ ಅವರಿಗಿರಲಿಲ್ಲ. ಕಣಿವೆಯ ಹಾದಿ, ನಕ್ಷೆಯ ಮೇಲೆ ಕೆಲವೇ ಅಂಗುಲ. ನಡುದಾರಿಯಲ್ಲಿ ಹಿಮಬಿರುಗಾಳಿ ಎದುರಾಯಿತು. ನಾಲ್ವರು ಗಂಡಸರೂ ಆ ಕಣಿವೆಯಲ್ಲೇ ಶೀತಕ್ಕೆ ಬಲಿಯಾದರು. ಐದನೆಯವಳು, ಅವರಲ್ಲೊಬ್ಬನ ಪತ್ನಿ, ಒಬ್ಬಳೇ ಹಿಂದಕ್ಕೆ ನಡೆದು ಬಂದು ಸುದ್ದಿ ಮುಟ್ಟಿಸಿದಳು.